ಒಳಗಿನ ಕರೆ ಬಂದ ತಾರೀಖು ಹೇಳು ಅಂತ ಮಗಳು ಕೇಳುತ್ತಿದ್ದಾಳೆ

ಎರಡನೇ ಸಾಲಿನ ಆಲ್ಟೊ:

ಎಲ್ಲರಿಗೂ ವಂದನೆ. ಪ್ರಶ್ನೆ ಸ್ವಲ್ಪ ಉದ್ದ ಆಯಿತು, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಹುಬ್ಬಳ್ಳಿ. ಬಾಸೆಲ್ ಮಿಶನ್ ಕಾಲದಿಂದ ಬಂದ ಕ್ರೈಸ್ತ ಮನೆತನ, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ನನಗೆ 47 ವರ್ಷ. ಮೂರು ತಿಂಗಳ ಕೂಸಾಗಿದ್ದಾಗ ದೀಕ್ಷಾಸ್ನಾನ, ಹದಿನೈದಕ್ಕೆ ದೃಢೀಕರಣ, ಆಮೇಲಿಂದ ಇವತ್ತಿನವರೆಗೆ ಗಾಯನ ಮಂಡಳಿಯಲ್ಲಿ ಎರಡನೇ ಸಾಲು. ಭಾನುವಾರ ತಪ್ಪಿಸಿದ್ದು ಬಾಣಂತನದಲ್ಲಿ ಮತ್ತು ಕೊರೊನಾದಲ್ಲಿ ಮಾತ್ರ.

ಮಗಳು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಓದುತ್ತಿದ್ದಾಳೆ. ಅಲ್ಲಿ ಶುಕ್ರವಾರ ಸಂಜೆ ಏಳೆಂಟು ಹುಡುಗ ಹುಡುಗಿಯರು ಸೇರಿ ವೆಸ್ಟ್‌ಮಿನ್‌ಸ್ಟರ್ ಪ್ರಶ್ನೋತ್ತರ ಅನ್ನುವ ಹಳೇ ಧರ್ಮಬೋಧನೆಯ ಪುಸ್ತಕ ಓದುತ್ತಾರಂತೆ. ನನಗೆ ಖುಷಿಯೇ. ಆ ವಯಸ್ಸಿನಲ್ಲಿ ನಾವು ಶುಕ್ರವಾರ ಸಂಜೆ ಚಿತ್ರಹಾರ್ ನೋಡುತ್ತಿದ್ದೆವು.

ಕ್ರಿಸ್‌ಮಸ್ ರಜೆಗೆ ಬಂದಿದ್ದಳು. ಇಬ್ಬರೂ ಕರ್ಚಿಕಾಯಿ ಅಂಚು ಒತ್ತುತ್ತಾ ಕೂತಿದ್ದೆವು. ಇದ್ದಕ್ಕಿದ್ದ ಹಾಗೆ, "ಅಮ್ಮಾ, ನಿನಗೆ ಒಳಗಿನ ಕರೆ ಬಂದದ್ದು ಯಾವಾಗ?" ಅಂದಳು. ಹಾಗಂದರೇನು ಅಂತ ಕೇಳಿದೆ. ಚರ್ಚಿನ ಪ್ರಸಂಗದಲ್ಲಿ ಎಲ್ಲರ ಕಿವಿಗೂ ಬೀಳುವುದು ಹೊರಗಿನ ಕರೆಯಂತೆ. ಪವಿತ್ರಾತ್ಮನು ಹೃದಯದ ಒಳಗೆ ಕರೆಯುವುದು ಬೇರೆಯಂತೆ. ಅದು ಬಂದವರು ಬಂದೇ ಬರುತ್ತಾರೆ, ಬರದವರು ಎಷ್ಟು ಪ್ರಸಂಗ ಕೇಳಿದರೂ ಅಷ್ಟೇ ಅಂತೆ. ಅವಳಿಗೆ ತಾರೀಖು ಗೊತ್ತಿದೆ. ಎರಡನೇ ವರ್ಷದ ಮಳೆಗಾಲ, ಒಂದು ಶುಕ್ರವಾರ.

ನನಗೆ ತಾರೀಖಿಲ್ಲ. ಯೇಸುವನ್ನು ಒಪ್ಪಿಕೊಳ್ಳುವವರು ಕೈ ಎತ್ತಿ ಅಂತ ಕೂಟಗಳಲ್ಲಿ ಕೇಳಿದಾಗ ಕೈ ಎತ್ತಿದ್ದೇನೆ, ಅದೂ ಮೂರು ಸಲ. ಎಂಟನೇ ಕ್ಲಾಸಿನಲ್ಲಿ ಉಜ್ಜೀವನ ಕೂಟದಲ್ಲಿ ಪಕ್ಕದವಳು ಎತ್ತಿದಳು ಅಂತ ಎತ್ತಿದೆ. ಪಿಯುಸಿ ರಿಸಲ್ಟಿನ ಹಿಂದಿನ ದಿನ ಹೆದರಿ ಎತ್ತಿದೆ. ಅಪ್ಪ ತೀರಿಕೊಂಡ ವರ್ಷ ಎತ್ತಿದಾಗ ನಿಜವಾಗಿ ಅತ್ತಿದ್ದೆ. ಆದರೆ ಮೂರು ಸಲವೂ ಸೋಮವಾರ ಬೆಳಿಗ್ಗೆ ಎದ್ದವಳು ಅದೇ ನಾನು. ಅದೇ ಸಿಟ್ಟು, ಅದೇ ನಂಬಿಕೆ. ಇದರಲ್ಲಿ ಕರೆ ಯಾವುದು?

ಇದನ್ನಾದರೂ ಬಿಟ್ಟುಬಿಡಬಹುದು. ನನಗೆ ನಿದ್ದೆ ಕೆಡಿಸಿದ್ದು ತಮ್ಮನ ವಿಷಯ. ಅವನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಒಂದೇ ಸಂಡೇ ಸ್ಕೂಲು, ಒಂದೇ ಪಾದ್ರಿ ಅಯ್ಯನವರ ಪ್ರಸಂಗ. ವಾಕ್ಯ ಬಾಯಿಪಾಠದಲ್ಲಿ ಪ್ರತಿ ವರ್ಷ ಅವನಿಗೇ ಮೊದಲ ಬಹುಮಾನ, ನನಗೆ ಸಮಾಧಾನಕರ. ಈಗ ಪುಣೆಯಲ್ಲಿದ್ದಾನೆ. ಸಭೆಯ ಚುನಾವಣೆ ಗಲಾಟೆಯಲ್ಲಿ ಏನೇನೋ ನೋಡಿದ. ಅದರ ವಿವರ ಇಲ್ಲಿ ಬೇಡ. ಹನ್ನೊಂದು ವರ್ಷವಾಯಿತು, ಯಾವ ಚರ್ಚಿನ ಮೆಟ್ಟಿಲೂ ಹತ್ತಿಲ್ಲ. ಮಗಳು ಹೇಳುತ್ತಾಳೆ, "ಮಾಮನಿಗೆ ಒಳಗಿನ ಕರೆ ಬಂದಿಲ್ಲ ಅಮ್ಮಾ, ಅಷ್ಟೇ." ಕೊರಿಯರ್ ಬಂದಿಲ್ಲ ಅನ್ನುವ ಹಾಗೆ ಹೇಳಿದಳು. ಆ "ಅಷ್ಟೇ" ನನಗೆ ಬಹಳ ಚುಚ್ಚಿತು.

ಹಾಗಾದರೆ ದೇವರು ನನ್ನನ್ನು ಕರೆದು, ಪಕ್ಕದಲ್ಲೇ ಕೂತವನನ್ನು ಬಿಟ್ಟನಾ? ತಿಳಿದವರು ಹೇಳಿ. ವಾದ ಬೇಡ, ದಯವಿಟ್ಟು.

—

ಗಿರಿನಗರದ ಓದುಗ:

ಅಕ್ಕಾ, ನಾನೂ ನಿಮ್ಮ ಮಗಳ ಕಡೆಯವನೇ, ಅಂದರೆ ಸುಧಾರಣಾ ಪಂಥದ, ಅಂದರೆ ಕಾಲ್ವಿನ್ ದಾರಿಯ ಪ್ರೊಟೆಸ್ಟಂಟರ ಪುಸ್ತಕ ಓದಿ ಬದಲಾದವನು. ಮೊದಲ ಎರಡು ವರ್ಷ ನಾನೂ ಹೀಗೇ ಮನೆಯವರ ತಲೆ ತಿಂದಿದ್ದೆ. ಕ್ಷಮಿಸಿಬಿಡಿ ಅವಳನ್ನು.

ವಿಷಯಕ್ಕೆ ಬರುತ್ತೇನೆ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕನ್ನಡದಲ್ಲೇ ದಾರಿ ಇದೆ. ಕರೆಯುವುದು ಬೇರೆ, ಕರೆದುಕೊಂಡು ಬರುವುದು ಬೇರೆ. ಬೈಬಲಿನ ಮತ್ತಾಯ 22ರಲ್ಲಿ ಅರಸನು ಮಗನ ಮದುವೆಗೆ ಆಳುಗಳನ್ನು ಕಳಿಸಿ ಕರೆಸುತ್ತಾನೆ. ಒಬ್ಬ ಹೊಲಕ್ಕೆ ಹೋದ, ಇನ್ನೊಬ್ಬ ವ್ಯಾಪಾರಕ್ಕೆ ಹೋದ. ಅದು ಕರೆಯೋಲೆ. ಕರೆದವರು ಬಹಳ, ಆರಿಸಿದವರು ಸ್ವಲ್ಪ ಅಂತ ಯೇಸು ಹೇಳುವುದು ಇದೇ ಕಥೆಯ ಕೊನೆಗೆ. ಆದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 8:30ರಲ್ಲಿ ಅಪೊಸ್ತಲ ಪೌಲ ಅದೇ ಮಾತನ್ನು ಬೇರೆ ಥರ ಬಳಸುತ್ತಾನೆ. ದೇವರು ಯಾರನ್ನು ಕರೆದನೋ ಅವರನ್ನು ನೀತಿವಂತರೆಂದು ನಿರ್ಣಯಿಸಿದನು, ಮಹಿಮೆಯನ್ನೂ ಕೊಟ್ಟನು ಅಂತ. ಮಧ್ಯದಲ್ಲಿ ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ. ಅಂದರೆ ಇಲ್ಲಿ ಕರೆ ಎಂದರೆ ಕರೆದುಕೊಂಡು ಬಂದದ್ದು. ಒಳಗಿನ ಕರೆ ಅನ್ನುವ ಬೋಧನೆ ನಿಂತಿರುವುದು ಈ ಎರಡರ ವ್ಯತ್ಯಾಸದ ಮೇಲೆ.

ಇನ್ನು ತಾರೀಖು. ಮಗಳು ಓದುತ್ತಿರುವ 1647ರ ಕಿರಿಯ ಪ್ರಶ್ನೋತ್ತರದಲ್ಲಿ 31ನೇ ಪ್ರಶ್ನೆ ತೆಗೆಯಲು ಹೇಳಿ. ಕರೆ ಅಂದರೆ ಆತ್ಮನು ನಮ್ಮ ಪಾಪ ಮತ್ತು ದುರ್ಗತಿ ಮನಗಾಣಿಸುತ್ತಾನೆ, ಕ್ರಿಸ್ತನನ್ನು ತಿಳಿಯುವಂತೆ ಬುದ್ಧಿಗೆ ಬೆಳಕು ಕೊಡುತ್ತಾನೆ, ನಮ್ಮ ಇಚ್ಛೆಯನ್ನು ಹೊಸದು ಮಾಡುತ್ತಾನೆ, ಹೀಗೆ ಯೇಸುವನ್ನು ಅಪ್ಪಿಕೊಳ್ಳಲು ಒಪ್ಪಿಸಿ ಶಕ್ತಿ ಕೊಡುತ್ತಾನೆ ಅನ್ನುತ್ತದೆ. ತಾರೀಖು, ಕಣ್ಣೀರು, ಕೈ ಎತ್ತುವುದು ಅದರಲ್ಲಿ ಎಲ್ಲೂ ಇಲ್ಲ. ಅದೇ ವೆಸ್ಟ್‌ಮಿನ್‌ಸ್ಟರಿನ 1646ರ ವಿಶ್ವಾಸ ಪ್ರಮಾಣದ 18ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ನಿಜವಾದ ವಿಶ್ವಾಸಿಗೂ ರಕ್ಷಣೆಯ ನಿಶ್ಚಯ ಸಿಗಲು ಬಹಳ ಕಾಲ ಕಾಯಬೇಕಾಗಬಹುದು ಅಂತ ಅಲ್ಲೇ ಬರೆದಿದ್ದಾರೆ.

ತಮ್ಮನ ವಿಷಯಕ್ಕೆ, ಹಾಲೆಂಡಿನ ಡಾರ್ಟ್‌ನಲ್ಲಿ 1618-19ರಲ್ಲಿ ಸುಧಾರಣಾ ಪಂಥದವರು ನಡೆಸಿದ ಸಭೆಯ ನಿರ್ಣಯಗಳನ್ನು ನೋಡಿ. ಮೂರನೇ ಮತ್ತು ನಾಲ್ಕನೇ ತಲೆಬರಹ ಒಟ್ಟಿಗೇ ಇದೆ, ಅದರ 15ನೇ ಕಲಮು. ಅಲ್ಲಿ "ಕರೆಯದವರು" ಅಂತ ಇಲ್ಲ, "ಇನ್ನೂ ಕರೆಯದವರು" ಅಂತ ಇದೆ. ಅವರಿಗಾಗಿ ಪ್ರಾರ್ಥಿಸಬೇಕು, ನಮ್ಮನ್ನು ನಾವೇ ಬೇರೆ ಮಾಡಿಕೊಂಡವರ ಹಾಗೆ ಅವರ ಮುಂದೆ ಜಂಬ ಪಡಬಾರದು ಅನ್ನುತ್ತದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ವಿಶ್ವಾಸ ಒಪ್ಪಿಕೊಂಡು ಸರಿಯಾಗಿ ನಡೆಯುವವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು, ಹೃದಯದ ಒಳಕೋಣೆ ನಮಗೆ ಕಾಣುವುದಿಲ್ಲ. ಅಮ್ಮನ ಹತ್ತಿರ ತಾರೀಖು ಕೇಳುವ ಮೊದಲು ಇದನ್ನು ಓದಬೇಕಿತ್ತು ಅಲ್ವಾ!

—

ಬೀದರ್ ಮೆಥೊಡಿಸ್ಟ್:

ಸಿಸ್ಟರ್, ಪ್ರೈಸ್ ದ ಲಾರ್ಡ್. ಮೇಲಿನ ಬ್ರದರ್ ಚೆನ್ನಾಗಿ ಬರೆದಿದ್ದಾರೆ, ಆದರೆ ಮುಳ್ಳು ಹಾಗೇ ಉಳಿಯಿತು. ಅರಸನೇ ಕೆಲವರನ್ನು ಕೈಹಿಡಿದು ಕರೆದುಕೊಂಡು ಬಂದು, ಮಿಕ್ಕವರಿಗೆ ಬರೀ ಕಾರ್ಡು ಕಳಿಸಿದರೆ, ಬರಲಿಲ್ಲ ಅಂತ ಮಿಕ್ಕವರ ಮೇಲೆ ಸಿಟ್ಟಾಗುವುದು ನ್ಯಾಯವಾ?

ನಾವು ಹೇಳುವುದು ಹೀಗೆ. ಒಳಗಿನ ಕರೆ ಇದೆ, ಅದಿಲ್ಲದೆ ಯಾರೂ ಬರಲಾರರು. ಅಷ್ಟರಮಟ್ಟಿಗೆ ಒಪ್ಪಿಗೆ. ಆದರೆ ಅದು ಎಲ್ಲರಿಗೂ ಬರುತ್ತದೆ, ನಾವು ಹುಡುಕುವ ಮುಂಚೆಯೇ ಬರುತ್ತದೆ. ಮುಂಚೆ ಬರುವ ಕೃಪೆ ಅಂತ ನಮ್ಮ ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಕರೆದದ್ದು ಇದನ್ನೇ. ಮನಸ್ಸಾಕ್ಷಿ ಚುಚ್ಚುವುದೂ ಆ ಕೃಪೆಯ ಕೆಲಸವೇ ಅನ್ನುತ್ತಿದ್ದರು. ಆದರೆ ಅದನ್ನು ತಳ್ಳಿಬಿಡಲು ಮನುಷ್ಯನಿಗೆ ಆಗುತ್ತದೆ. ಕೋಳಿ ಮರಿಗಳನ್ನು ರೆಕ್ಕೆಯ ಕೆಳಗೆ ಕೂಡಿಸುವ ಹಾಗೆ ಎಷ್ಟು ಸಲ ಕೂಡಿಸಬೇಕೆಂದಿದ್ದೆ, ನಿಮಗೆ ಮನಸ್ಸಿರಲಿಲ್ಲ ಅಂತ ಯೆರೂಸಲೇಮನ್ನು ನೋಡಿ ಯೇಸು ಹೇಳಲಿಲ್ಲವೇ? ಸುಮ್ನೆ ನಾಟಕಕ್ಕೆ ಹೇಳಿದ ಮಾತಲ್ಲ ಅದು.

ತಾರೀಖಿನ ಕಥೆಯನ್ನು ನಮ್ಮವರೇ ಜಾಸ್ತಿ ಮಾಡಿದ್ದು, ಒಪ್ಪಿಕೊಳ್ಳುತ್ತೇನೆ. 1738ರ ಮೇ 24, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಮುಂಚೆ. ಲೂಥರ್ ರೋಮಾಪುರದ ಪತ್ರಿಕೆಗೆ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ವೆಸ್ಲಿಯ ಹೃದಯ ಬೆಚ್ಚಗಾಯಿತು. ಪ್ರತಿ ಮೇ ತಿಂಗಳು ನಮಗೆ ಇದರ ಮೇಲೆ ಪ್ರಸಂಗ ಇದ್ದೇ ಇರುತ್ತದೆ. ಆದರೆ ಅವತ್ತಿಗೆ ಅವರು ಪಾದ್ರಿಯಾಗಿ ಹತ್ತು ವರ್ಷ ಆಗಿತ್ತು, ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿ ಸೋತು ವಾಪಸ್ ಬಂದಿದ್ದರು. ಅವತ್ತು ಸಂಜೆಯ ಕೂಟಕ್ಕೂ ಒಲ್ಲದ ಮನಸ್ಸಿನಿಂದಲೇ ಹೋಗಿದ್ದರು. ಆ ಹತ್ತು ವರ್ಷ ದೇವರು ಸುಮ್ಮನಿದ್ದನೇ?

ನಿಮ್ಮ ತಮ್ಮನಿಗೆ ಕರೆ ಬಂದಿಲ್ಲ ಅಂತ ನಾನು ಹೇಳಲಾರೆ. ಸಭೆಯ ಗಲಾಟೆ ನೋಡಿ ಅವನಿಗೆ ಹೇಸಿಗೆ ಆಯಿತಲ್ಲ, ಆ ಹೇಸಿಗೆ ಎಲ್ಲಿಂದ ಬಂತು?

—

ಹೊಸ ಸದಸ್ಯ 88:

ಬೈಬಲಿನಲ್ಲಿ ಬಾಲಕ ಸಮುವೇಲನನ್ನು ದೇವರು ಕರೆದಾಗ, ಯಾಜಕ ಏಲಿ ಕರೆದನೆಂದುಕೊಂಡು ಮೂರು ಸಲ ಏಲಿಯ ಹತ್ತಿರ ಓಡಿದ. ನೀವೂ ಮೂರು ಸಲ ಕೈ ಎತ್ತಿದ್ದೀರಿ. ನಾಲ್ಕನೇ ಸಲ ಗೊತ್ತಾಗುತ್ತದೆ ಆಂಟಿ!

—

ಗಿರಿನಗರದ ಓದುಗ:

88, ಸಮುವೇಲನದು ಪ್ರವಾದಿಯ ಕೆಲಸಕ್ಕೆ ಬಂದ ಕರೆ, ಅದೂ ಕಿವಿಗೆ ಕೇಳಿಸಿದ ಧ್ವನಿ. ನಾವು ಮಾತಾಡುತ್ತಿರುವುದು ಬೇರೆ.

ಬೀದರ್ ಅಣ್ಣಾ, ಒಂದೇ ಮಾತು ಹೇಳಿ ಸುಮ್ಮನಾಗುತ್ತೇನೆ. ತಂದೆ ಎಳೆಯದ ಹೊರತು ಯಾರೂ ನನ್ನ ಬಳಿಗೆ ಬರಲಾರರು ಅಂತ ಯೋಹಾನ 6:44ರಲ್ಲಿದೆ. ಆ "ಎಳೆ" ಅನ್ನುವ ಗ್ರೀಕ್ ಕ್ರಿಯಾಪದವೇ ಯೋಹಾನ 21ರಲ್ಲಿ ಪೇತ್ರನು 153 ಮೀನಿನ ಬಲೆ ಎಳೆಯುವಾಗ ಬರುತ್ತದೆ. ಬಲೆಯ ಮೀನಿಗೆ ಯಾರೂ ಒಪ್ಪಿಗೆ ಕೇಳುವುದಿಲ್ಲ.

—

ಬೀದರ್ ಮೆಥೊಡಿಸ್ಟ್:

ಅದೇ ಕ್ರಿಯಾಪದ ಯೋಹಾನ 12:32ರಲ್ಲೂ ಇದೆ ಬ್ರದರ್. ಎಲ್ಲರನ್ನೂ ನನ್ನ ಕಡೆಗೆ ಎಳೆದುಕೊಳ್ಳುವೆನು. ಎಲ್ಲರನ್ನೂ.

—

ಉಡುಪಿ ಕಡೆಯ ನಿವೃತ್ತ ಅಯ್ಯ:

ಮಕ್ಕಳೇ, ಆ ತಾಯಿ ವಾದ ಬೇಡ ಅಂದಿದ್ದಾರೆ.

ಅಮ್ಮಾ, ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯವನ್ನು ಒಂದೇ ಸಲಕ್ಕೆ ಕೂತು ಓದಿ. ಕಾಫಿ ಆರುವ ಮೊದಲು ಮುಗಿಯುತ್ತದೆ. ಮೊದಲ ವಚನದಲ್ಲೇ ತಿಮೊಥೆಯ ಬರುತ್ತಾನೆ. ಅಜ್ಜಿ ಲೋವಿ, ತಾಯಿ ಯೂನಿಕೆ, ಇವರಿಂದ ಅವನಿಗೆ ನಂಬಿಕೆ ಬಂತು, ಬಾಲ್ಯದಿಂದಲೇ ಪರಿಶುದ್ಧ ಗ್ರಂಥ ಗೊತ್ತಿತ್ತು ಅಂತ ಪೌಲನೇ ಬೇರೆ ಕಡೆ ಬರೆಯುತ್ತಾನೆ. ಅವನ ಕರೆಯ ದಿನ ಯಾವುದು? ಎಲ್ಲೂ ಇಲ್ಲ. ಮುಂದೆ ಫಿಲಿಪ್ಪಿಯ ಹೊಳೆ ದಡದಲ್ಲಿ ಲುದ್ಯ. ಥುವತೈರದವಳು, ಬೆಲೆಬಾಳುವ ಬಣ್ಣದ ಬಟ್ಟೆಯ ವ್ಯಾಪಾರಿ, ಮೊದಲೇ ದೇವಭಕ್ತಳು. ಅಲ್ಲಿ ಕೂಡಿಬಂದ ಹೆಂಗಸರು ಕೇಳುತ್ತಿದ್ದರು. ಕರ್ತನು ಆಕೆಯ ಹೃದಯ ತೆರೆದನು, ಆಕೆ ಲಕ್ಷ್ಯ ಕೊಟ್ಟಳು. ಗದ್ದಲ ಇಲ್ಲ, ಅಳು ಇಲ್ಲ. ಹೊರಗಿನ ಕರೆ, ಒಳಗಿನ ಕರೆ ಎರಡೂ ಆ ಒಂದೇ ವಾಕ್ಯದಲ್ಲಿವೆ. ಅಧ್ಯಾಯದ ಕೊನೆಗೆ ಸೆರೆಮನೆಯ ಯಜಮಾನ. ಅವನಿಗೆ ನಡುರಾತ್ರಿ, ಭೂಕಂಪ, ಬಾಗಿಲುಗಳೆಲ್ಲ ತೆರೆದುಹೋದವು, ಕತ್ತಿ ಹಿರಿದು ಸಾಯಲು ಹೊರಟಿದ್ದ. ಅವನನ್ನು ಕೇಳಿದರೆ ಗಂಟೆ ಸಮೇತ ಹೇಳಿಯಾನು.

ನಿಮ್ಮ ಮಗಳು ಆ ಯಜಮಾನನ ಮನೆಯವಳು, ನೀವು ಲೋವಿಯ ಮನೆಯವರು. ಸಭೆ ಒಂದೇ.

ಈ ಗೊಂದಲಕ್ಕೆ ನಮ್ಮ ಮಿಷನಿನ ಹಿರಿಯರೂ ಸ್ವಲ್ಪ ಕಾರಣ. 1815ರಲ್ಲಿ ಬಾಸೆಲ್ ಮಿಶನ್ ಶುರುವಾದಾಗ ಅದರಲ್ಲಿ ವ್ಯೂರ್ಟೆಂಬರ್ಗಿನ ಲೂಥರನ್ನರೂ ಇದ್ದರು, ಸ್ವಿಸ್ ಸುಧಾರಿತ ಪಂಥದವರೂ ಇದ್ದರು. 1834ರಲ್ಲಿ ಮಂಗಳೂರಿಗೆ ಬಂದವರು ಹೃದಯದ ಮಾರ್ಪಾಟಿಗೆ ಬಹಳ ಬೆಲೆ ಕೊಡುವ ಜನ. ಜೊತೆಗೇ ಕೂಸುಗಳಿಗೆ ದೀಕ್ಷಾಸ್ನಾನವನ್ನೂ ಕೊಟ್ಟರು. ಎರಡನ್ನೂ ಒಂದೇ ಮನೆಯಲ್ಲಿ ಇಟ್ಟು ಹೋದರು. ಒಮ್ಮೊಮ್ಮೆ ಅವು ಜಗಳ ಆಡುತ್ತವೆ.

ನನಗೆ ಈ ವಿಷಯದಲ್ಲಿ ಹಿಡಿಸುವುದು ಲೂಥರ್ 1529ರಲ್ಲಿ ಬರೆದ ಸಣ್ಣ ಪ್ರಶ್ನೋತ್ತರ. ನನ್ನ ಸ್ವಂತ ಬುದ್ಧಿಯಿಂದಾಗಲಿ ಬಲದಿಂದಾಗಲಿ ನಾನು ಕ್ರಿಸ್ತನನ್ನು ನಂಬಲಾರೆ, ಪವಿತ್ರಾತ್ಮನೇ ಸುವಾರ್ತೆಯ ಮೂಲಕ ನನ್ನನ್ನು ಕರೆದನು ಅಂತ ನಂಬುತ್ತೇನೆ, ಅನ್ನುತ್ತದೆ ಅದು. ನೋಡಿ, ಕರೆಯನ್ನು ನೆನಪಿಟ್ಟುಕೊಂಡಿದ್ದೇನೆ ಅಂತ ಇಲ್ಲ, ನಂಬುತ್ತೇನೆ ಅಂತ ಇದೆ. ನಲವತ್ತು ವರ್ಷ ದೃಢೀಕರಣದ ಕ್ಲಾಸು ತೆಗೆದುಕೊಂಡ ಮೇಲೆ ನನಗೆ ಆ ವ್ಯತ್ಯಾಸ ಕಂಡಿತು. ದಡ್ಡ ನಾನು.

ಒಬ್ಬ ಬಂದ, ಒಬ್ಬ ಯಾಕೆ ಬರಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಗಿರಿನಗರದವರು ಹೇಳಿದ ಡಾರ್ಟ್ ನಿರ್ಣಯದಲ್ಲೇ 13ನೇ ಕಲಮು ಇದೆ. ಆತ್ಮನು ಹೇಗೆ ಕೆಲಸ ಮಾಡುತ್ತಾನೆ ಅಂತ ಈ ಜನ್ಮದಲ್ಲಿ ವಿಶ್ವಾಸಿಗಳಿಗೆ ಪೂರ್ತಿ ತಿಳಿಯದು ಅಂತ ಅಷ್ಟು ಗಟ್ಟಿ ಜನವೇ ಒಪ್ಪಿಕೊಂಡಿದ್ದಾರೆ. ಇನ್ನು ನಾನೇನು ಹೇಳಲಿ?

—

ಎರಡನೇ ಸಾಲಿನ ಆಲ್ಟೊ:

ಅಯ್ಯನವರೇ, ಎಲ್ಲರಿಗೂ ಥ್ಯಾಂಕ್ಸ್. ಮೂರು ಸಲ ಓದಿದೆ. (88, ನಾಲ್ಕನೇ ಸಲವೂ ಓದುತ್ತೇನೆ.)

ಗಿರಿನಗರದವರ "ಇನ್ನೂ" ಅನ್ನುವ ಪದ ಬಹಳ ಸಮಾಧಾನ ಕೊಟ್ಟಿತು. ಆದರೆ ಮೀನಿನ ಬಲೆ ನನಗೆ ಹಿಡಿಸಲಿಲ್ಲ, ನಿಜ ಹೇಳುತ್ತೇನೆ. ಬೀದರಿನವರು ತಮ್ಮನ ಹೇಸಿಗೆಯ ಬಗ್ಗೆ ಕೇಳಿದ್ದಕ್ಕೆ ಇನ್ನೂ ಯೋಚಿಸುತ್ತಿದ್ದೇನೆ. ಅವತ್ತು ಆ ಗಲಾಟೆಯಲ್ಲಿ ನನಗೆ ಹೇಸಿಗೆ ಆಗಿರಲಿಲ್ಲ. ನಾನು ಮುಂದಿನ ವಾರದ ಹಾಡು ಯಾವುದು ಅಂತ ನೋಡುತ್ತಿದ್ದೆ.

ನಿನ್ನೆ ರಾತ್ರಿ ಮಗಳಿಗೆ ಫೋನು ಮಾಡಿ 31ನೇ ಪ್ರಶ್ನೆ ಓದು ಅಂದೆ. ಓದಿದಳು. ಆಮೇಲೆ 15ನೇ ಕಲಮು ಕಳಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ, "ಸರಿ ಅಮ್ಮಾ, ಆದರೂ ತಾರೀಖು ಗೊತ್ತಿದ್ದರೆ ಒಳ್ಳೆಯದಲ್ವಾ?" ಅಂದಳು. ನನ್ನ ಮಗಳೇ ತಾನೇ, ಬಿಡುವವಳಲ್ಲ. ನಿನ್ನ ದೀಕ್ಷಾಸ್ನಾನದ ತಾರೀಖು ಹೇಳು ನೋಡೋಣ ಅಂದೆ. ಗೊತ್ತಿರಲಿಲ್ಲ! ಟ್ರಂಕಿನಿಂದ ಸರ್ಟಿಫಿಕೇಟ್ ತೆಗೆದು ಫೋಟೊ ಕಳಿಸಿದೆ. ಸಾಕ್ಷಿಯ ಜಾಗದಲ್ಲಿ ಅವಳ ಮಾಮನ ಸಹಿ ಇದೆ. ನಾನೂ ಮರೆತಿದ್ದೆ.

ಮೇ ರಜೆಯಲ್ಲಿ ಇಬ್ಬರೂ ಪುಣೆಗೆ ಹೋಗುತ್ತಿದ್ದೇವೆ. ಅವನಿಗೆ ಏನೂ ಹೇಳುವುದಿಲ್ಲ. ಸುಮ್ನೆ ನಾಲ್ಕು ದಿನ ಇದ್ದು ಬರುತ್ತೇವೆ. ಕರ್ಚಿಕಾಯಿ ಮಾಡಿಕೊಂಡು ಬಾ ಅಂದಿದ್ದಾನೆ.