ಸೌದೆ ಸೀಳಲು ಗಟ್ಟಿ ಚಾಕು ಬೇಕು, ಯಾವುದು ತಗೊಳ್ಳಲಿ?

ಪ್ರಶ್ನೆ, ಸಕಲೇಶಪುರ ಹತ್ತಿರದ ತೋಟದ ಮನೆಯಿಂದ:

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಊರಿನ ಮನೆಗೆ ಬಂದಿದ್ದೇವೆ. ಸ್ನಾನಕ್ಕೆ ಹಂಡೆ ಒಲೆಯ ನೀರೇ. ದೊಡ್ಡ ದಿಮ್ಮಿಗಳನ್ನು ಕೆಲಸದವರು ಕೊಡಲಿಯಲ್ಲಿ ಒಡೆದು ಪೇರಿಸಿ ಹೋಗುತ್ತಾರೆ. ಆದರೆ ಬೆಳಗ್ಗೆ ಒಲೆ ಹೊತ್ತಿಸಲು ಸಣ್ಣ ಸೀಳು ಬೇಕಲ್ವಾ, ಅದು ನನ್ನ ಪಾಲಿನ ಕೆಲಸ. ಬಚ್ಚಲು ಇಕ್ಕಟ್ಟು, ಕೊಡಲಿ ಬೀಸಲು ಜಾಗ ಇಲ್ಲ. ಮಡಚದ ಗಟ್ಟಿ ಚಾಕುವನ್ನು ಸೌದೆಯ ಮೇಲಿಟ್ಟು, ಅದರ ಬೆನ್ನಿಗೆ ಹೊಡೆದು ಸೀಳುವುದನ್ನು ವಿಡಿಯೋದಲ್ಲಿ ನೋಡಿದೆ. ನಮ್ಮಲ್ಲಿರುವುದು ಹೆಚ್ಚಾಗಿ ಸಿಲ್ವರ್ ಓಕ್, ಜೊತೆಗೆ ಕಿತ್ತು ಹಾಕಿದ ಹಳೇ ಕಾಫಿ ಗಿಡ. ಎಂಥ ಚಾಕು ತಗೊಳ್ಳಲಿ, ಎಷ್ಟು ದಪ್ಪ ಇರಬೇಕು? ಬಳಸಿದವರು ಹೇಳಿ.

ಕೊಪ್ಪದಿಂದ:

ಸ್ಟೀಲಿನ ಹೆಸರಿನ ಹಿಂದೆ ಓಡಬೇಡಿ. ಮೊದಲು ಹಿಡಿಯೊಳಗೆ ಏನಿದೆ ನೋಡಿ. ಹೀಗೆ ಹೊಡೆದು ಸೀಳುವಾಗ ಚಾಕು ಕೈಕೊಡುವುದು ಜಾಸ್ತಿ ಹಿಡಿ ಮತ್ತು ಅಲಗು ಕೂಡುವ ಜಾಗದಲ್ಲೇ. ಅಲಗಿನ ಪಟ್ಟಿಯೇ ಹಿಡಿಯ ಕೊನೆಯವರೆಗೂ ಅಗಲವಾಗಿ ಹೋಗಿರಬೇಕು. ಎರಡೂ ಪಕ್ಕಕ್ಕೆ ಮರದ ಹೋಳಿಟ್ಟು ರಿವೆಟ್ ಹೊಡೆದಿರಬೇಕು.

ನಮ್ಮ ಕಡೆಯ ಕತ್ತಿಗೆ ಸಾಮಾನ್ಯವಾಗಿ ಮೊನಚಾದ ಬಾಲ ಇರುತ್ತದೆ. ಅದನ್ನು ಕಾಯಿಸಿ ಮರದ ಹಿಡಿಗೆ ಇಳಿಸಿ, ಬಾಯಿಗೆ ಬಳೆ ಹಾಕುತ್ತಾರೆ. ಬೀಸಿ ಕಡಿಯಲು ಅದು ಧಾರಾಳ ಸಾಕು. ಆದರೆ ಅಲಗಿನ ತುದಿಗೆ ಹೊಡೆಯಲು ಶುರು ಮಾಡಿದರೆ ಪ್ರತಿ ಪೆಟ್ಟಿಗೂ ಆ ಬಾಲ ಹಿಡಿಯೊಳಗೆ ಅಲ್ಲಾಡುತ್ತದೆ. ಸ್ವಲ್ಪ ದಿನಕ್ಕೆ ಹಿಡಿ ಸಡಿಲ, ಇಲ್ಲಾ ಸೀಳು. ಮುಂದಕ್ಕೆ ಬಾಗಿದ ಕೊಕ್ಕಿನ ಕತ್ತಿಯೂ ಈ ಕೆಲಸಕ್ಕೆ ಬೇಡ. ಕೊಕ್ಕಿನ ಮೇಲೆ ಪೆಟ್ಟು ಸರಿಯಾಗಿ ಕೂರುವುದಿಲ್ಲ.

ಬೆನ್ನಿನ ದಪ್ಪ 4ರಿಂದ 5 ಮಿಲಿಮೀಟರ್ ಇರಲಿ. ಅಡುಗೆ ಮನೆಯ ತೆಳು ಚಾಕು ಮರದೊಳಗೆ ಇಳಿಯುತ್ತದೆ, ಆದರೆ ಮರವನ್ನು ಅಗಲಿಸುವುದಿಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೆನ್ನು ದಪ್ಪ ಇದ್ದರೆ ಅದೇ ಬೆಣೆಯ ಕೆಲಸ ಮಾಡುತ್ತದೆ. ಹಾಗಂತ 6 ಮಿಲಿಮೀಟರ್ ದಾಟಿದ್ದು ಬರೀ ಭಾರ. ಉದ್ದದ ಲೆಕ್ಕ ಸುಲಭ. ಸೌದೆಯ ಅಡ್ಡಗಲ ಕಳೆದು ಅಲಗು ಇನ್ನೂ 2 ಇಂಚು ಹೊರಗೆ ಕಾಣಬೇಕು, ಏಕೆಂದರೆ ಸೌದೆಯೊಳಗೆ ಹೂತ ಮೇಲೆ ಹೊಡೆಯಲು ಸಿಗುವುದು ಆ ಭಾಗ ಮಾತ್ರ. 6 ಇಂಚಿನ ಅಲಗಿಗೆ 4 ಇಂಚಿನ ಸೌದೆ. ಅದಕ್ಕಿಂತ ದಪ್ಪದ್ದನ್ನು ಕೊಡಲಿಗೇ ಬಿಡಿ.

ಹೊಡೆಯಲು ಮರದ ಕೊಡತಿಯೇ ಆಗಬೇಕು. ಸುತ್ತಿಗೆ, ಕಲ್ಲು ಬೇಡವೇ ಬೇಡ. ಉಕ್ಕಿಗೆ ಉಕ್ಕು ಬಡಿದರೆ ಚೂರು ಸಿಡಿದು ಕಣ್ಣಿಗೆ ಹೋಗಬಹುದು.

ಗೋಥೆನ್‌ಬರ್ಗ್, ಸ್ವೀಡನ್‌ನಿಂದ:

ಇಲ್ಲಿ ಚಾಕು ಎಂದರೆ ಎಲ್ಲರ ಬಾಯಲ್ಲೂ ಮೋರಾ. ದಾಲಾರ್ನಾ ಪ್ರಾಂತದ ಮೋರಾ ಊರಿನ ಚಾಕುಗಳು. ಅದರಲ್ಲಿ ಕಂಪ್ಯಾನಿಯನ್ ಎಂಬುದು ಅಗ್ಗ, ಹರಿತ, ಎಲ್ಲರ ಹತ್ತಿರವೂ ಇರುತ್ತದೆ. ನನ್ನದೂ ಅದೇ. ಆದರೆ ಅದರ ಉಕ್ಕಿನ ಬಾಲ ಪ್ಲಾಸ್ಟಿಕ್ ಹಿಡಿಯೊಳಗೆ ಅರ್ಧ ದಾರಿಗೇ ನಿಲ್ಲುತ್ತದೆ. ಹೆಬ್ಬೆರಳು ದಪ್ಪದ ಬರ್ಚ್ ಸೀಳಲು ಏನೂ ತೊಂದರೆ ಇಲ್ಲ. ಅದಕ್ಕಿಂತ ದಪ್ಪಕ್ಕೆ ನಾನು ಅದನ್ನು ಬಳಸುವುದಿಲ್ಲ. ಅದೇ ಕಂಪನಿಯ ಗಾರ್ಬರ್ಗ್‌ನಲ್ಲಿ ಉಕ್ಕು ಹಿಡಿಯ ಕೊನೆಯವರೆಗೂ ಇದೆ. ದಪ್ಪ 3.2 ಮಿಲಿಮೀಟರ್, ಅಲಗು 11 ಸೆಂಟಿಮೀಟರ್‌ಗೆ ಸ್ವಲ್ಪ ಕಮ್ಮಿ. ಗೆಳೆಯರೊಬ್ಬರು ಚಳಿಗಾಲದ ಕ್ಯಾಂಪಿಗೆಲ್ಲ ಇದನ್ನೇ ಒಯ್ಯುತ್ತಾರೆ. ಹಿಮದಲ್ಲಿ ಬಿದ್ದ ಕಟ್ಟಿಗೆ ಹೊರಗೆ ಒದ್ದೆಯಾದರೂ ಸೀಳಿದರೆ ಒಳಗೆ ಒಣಗಿರುತ್ತದೆ. ನಿಮ್ಮ ಮಳೆಗಾಲಕ್ಕೂ ಇದು ಉಪಯೋಗ.

ಒಂದು ಎಚ್ಚರಿಕೆ. ಬರ್ಚ್ ನೇರ ನಾರಿನ ಮರ, ಕೊಡತಿ ತಾಗಿದರೆ ಬಿಚ್ಚಿಕೊಳ್ಳುತ್ತದೆ. ಈ ಚಾಕುಗಳ ಅಂಚು ತೆಳು. ಕಾಫಿ ಗಿಡದ ಗಂಟಿನ ಮೇಲೆ ಇಟ್ಟು ಹೊಡೆದರೆ ಅಂಚು ಮುಕ್ಕಾಗಿ ಹಲ್ಲು ಬೀಳಬಹುದು.

ತುಮಕೂರಿನಿಂದ:

ಸುಮ್ನೆ ಯಾಕೆ ಇಷ್ಟೆಲ್ಲಾ? ಅರ್ಧ ಕೆ.ಜಿ.ಯ ಕೈಗೊಡಲಿ ತಗೊಳ್ಳಿ. ಬೀಸಬೇಡಿ. ಅದನ್ನೂ ಸೌದೆಯ ತಲೆ ಮೇಲಿಟ್ಟು ಕೊಡತಿಯಲ್ಲಿ ಹೊಡೆಯಿರಿ. ಜಾಗವೂ ಬೇಡ, ಮುರಿಯುವ ಭಯವೂ ಇಲ್ಲ.

ಪ್ರಶ್ನೆ ಕೇಳಿದವರು:

ತುಮಕೂರಿನವರ ಮಾತು ನ್ಯಾಯವಾಗಿದೆ. ಆದರೆ ಅದೇ ಚಾಕುವಿನಲ್ಲಿ ಬಾಳೆ ದಿಂಡು, ಬೇಲಿ ಗೂಟ, ಅಡಿಕೆ ದಬ್ಬೆ ಎಲ್ಲಾ ಆಗಲಿ ಎಂಬ ಆಸೆ. ಹೊರದೇಶದ ಚಾಕು ತರಿಸಿದರೆ ಬೆಲೆ ಕೇಳುವ ಹಾಗಿಲ್ಲ. ಇಲ್ಲೇ ಕುಲುಮೆಯಲ್ಲಿ ಮಾಡಿಸಬಹುದಾ? ಕಮ್ಮಾರರಿಗೆ ಏನು ಹೇಳಬೇಕು?

ಕೊಪ್ಪದಿಂದ, ಮತ್ತೆ:

ಮಾಡಿಸಿ, ನನ್ನ ಕೇಳಿದರೆ ಅದೇ ಸರಿ. ಗುಜರಿಯಲ್ಲಿ ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟು ಸಿಗುತ್ತದೆ. ಲಾರಿಯ ಭಾರಕ್ಕೆ ಬಗ್ಗಿ ಬಗ್ಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ ಉಕ್ಕು ಅದು. ಪೆಟ್ಟು ತಿನ್ನುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಳೇ ಪ್ಲೇಟಿನಲ್ಲಿ ಕೂದಲೆಳೆಯ ಬಿರುಕು ಇದೆಯಾ ಅಂತ ಮಾತ್ರ ಬಿಸಿಲಿಗೆ ಹಿಡಿದು ನೋಡಿ. ತೂತು ಇರುವ ಕಡೆ ಬಿಟ್ಟು ಕತ್ತರಿಸಿಸಿ. ಬಿರುಕು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುವುದು.

ಕಮ್ಮಾರರಿಗೆ ಹೇಳಬೇಕಾದ್ದು ಇಷ್ಟು. ಅಲಗು ನೇರ ಇರಲಿ, ಬೆನ್ನು ಚಪ್ಪಟೆ ಇರಲಿ. ಬಾಲ ಬೇಡ, ಪೂರ್ತಿ ಪಟ್ಟಿ ಬಿಟ್ಟು ರಿವೆಟ್ ಹಾಕಿ. ಹಿಡಿ ಶುರುವಾಗುವ ಕಡೆ ಮೂಲೆ ಚೂಪಾಗಿ ಕತ್ತರಿಸಬೇಡಿ, ದುಂಡಗೆ ತಿರುಗಿಸಿ. ಚೂಪು ಮೂಲೆ ಇದ್ದರೆ ಪೆಟ್ಟಿನ ಒತ್ತಡವೆಲ್ಲ ಅಲ್ಲಿ ಸೇರಿ ಸೀಳು ಬಿಡುತ್ತದೆ. ಆಮೇಲೆ ಪಾನ, ಅಂದರೆ ಕಾಯಿಸಿ ತಣಿಸಿ ಉಕ್ಕನ್ನು ಗಟ್ಟಿ ಮಾಡುವುದು. ಇದೇ ಮುಖ್ಯ. ಅಂಚಿಗೆ ಮಾತ್ರ ಪಾನ ಕೊಡಲಿ, ಬೆನ್ನು ಮೆತ್ತಗೇ ಉಳಿಯಲಿ. ಇಡೀ ಅಲಗನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹಾಗೇ ಬಿಟ್ಟರೆ ಅದು ಗಾಜಿನ ಹಾಗೆ. ತಣಿಸಿದ ಮೇಲೆ ಬೆನ್ನಿನ ಕಡೆಯಿಂದ ಮತ್ತೆ ಸ್ವಲ್ಪ ಕಾವು ಕೊಡಬೇಕು. ಉಜ್ಜಿ ಹೊಳೆಸಿದ ಜಾಗದಲ್ಲಿ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಅಡುಗೆ ಚಾಕುವಾದರೆ ಹುಲ್ಲಿನ ಬಣ್ಣಕ್ಕೇ ನಿಲ್ಲಿಸಬಹುದು. ಇದಕ್ಕೆ ಅಂಚು ಕಂದು ತಿರುಗಿ ನೇರಳೆಗೆ ಬರುವವರೆಗೂ ಬಿಡಲಿ. ಹರಿತ ಸ್ವಲ್ಪ ಬೇಗ ಹೋಗುತ್ತದೆ, ಆದರೆ ಹಲ್ಲು ಬೀಳುವುದಿಲ್ಲ. ಮಾಡುವವರಿಗೆ ಇದು ಗೊತ್ತೇ ಇರುತ್ತದೆ. ಏನಕ್ಕೆ ಬಳಸುತ್ತೀರಿ ಅಂತ ಹೇಳಿದರೆ ಸಾಕು. ‘ಒಂದು ಕತ್ತಿ ಮಾಡಿಕೊಡಿ’ ಎಂದಷ್ಟೇ ಹೇಳಿ ಬಂದರೆ ಅವರು ಸೊಪ್ಪು ಕಡಿಯುವ ಕತ್ತಿ ಮಾಡಿಕೊಡುತ್ತಾರೆ, ತಪ್ಪು ಅವರದಲ್ಲ.

ಅಂಚನ್ನು ತೀರಾ ತೆಳು ಮಾಡಿಸಬೇಡಿ. ಸೌದೆ ಸೀಳಲು ಬ್ಲೇಡಿನಂಥ ಹರಿತ ಬೇಕಿಲ್ಲ.

ಮಡಿಕೇರಿಯಿಂದ:

ಸ್ಪ್ರಿಂಗ್ ಪ್ಲೇಟಿನ ಉಕ್ಕು ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಒಂದೇ ರಾತ್ರಿ ಸಾಕು. ಕೆಲಸ ಆದ ತಕ್ಷಣ ಒರೆಸಿ ಕೊಬ್ಬರಿ ಎಣ್ಣೆ ಸವರಿ. ಚರ್ಮದ ಒರೆಯಲ್ಲಿ ಇಡಲೇಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಒಲೆಯ ಮೇಲಿನ ಅಟ್ಟದ ಹತ್ತಿರ, ಹೊಗೆ ತಾಗುವ ಕಡೆ ಮೊಳೆಗೆ ನೇತುಹಾಕಿ. ಮಕ್ಕಳ ಕೈಗೂ ಎಟುಕುವುದಿಲ್ಲ.

ಅಂದ ಹಾಗೆ, ಪ್ರವಾಸಿಗರ ಅಂಗಡಿಯಲ್ಲಿ ಕೊಡವರ ಸಾಂಪ್ರದಾಯಿಕ ಒಡಿಕತ್ತಿ ನೋಡಿ ಮನಸ್ಸು ಮಾಡಬೇಡಿ. ಅಲ್ಲಿ ತೂಗುಹಾಕಿದ್ದು ಗೋಡೆಗೆ ಚಂದ.

ಇನ್ನು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗಿನ ಮಾತು ಬರುತ್ತದೆ. ಮನೆ ಬಳಕೆ, ಕೃಷಿ ಬಳಕೆಗೆಂದು ಮಾಡಿದ್ದನ್ನು ಅದರಿಂದ ಹೊರಗಿಟ್ಟಿದ್ದಾರೆ. ನಿಮ್ಮದು 6–7 ಇಂಚು, ಮನೆಯಲ್ಲೇ ಇರುವಂಥದ್ದು, ಚಿಂತೆ ಇಲ್ಲ. ಕುಲುಮೆಯಿಂದ ಬಸ್ಸಿನಲ್ಲಿ ತರುವಾಗ ಮಾತ್ರ ಗೋಣಿಯಲ್ಲಿ ಸುತ್ತಿ ಕಟ್ಟಿ ತನ್ನಿ.

ತುಮಕೂರಿನಿಂದ, ಮತ್ತೆ:

ಸರಿ, ಚಾಕುವೇ ಆಗಲಿ. ಸೌದೆಯನ್ನು ನೆಲದ ಮೇಲಿಟ್ಟು ಹೊಡೆಯಬೇಡಿ. ಕೆಳಗೆ ಒಂದು ಕೊರಡು ಇರಲಿ, ಅಲಗು ಕೊನೆಗೆ ಮರಕ್ಕೇ ಇಳಿಯಬೇಕು. ನಡುವಿನಲ್ಲಿ ಸೀಳಲು ಹೋಗದೆ ಅಂಚಿನಿಂದ ಒಂದೊಂದೇ ಚಕ್ಕೆ ಎಬ್ಬಿಸಿ. ಸಿಕ್ಕಿಕೊಂಡರೆ ಹಿಡಿಯನ್ನು ತಿರುಚಬೇಡಿ. ಬಿರುಕಿಗೆ ಮರದ ಬೆಣೆ ಹಾಕಿ ಹೊಡೆದರೆ ಚಾಕು ತಾನೇ ಬಿಡುತ್ತದೆ.

ಪ್ರಶ್ನೆ ಕೇಳಿದವರು:

ಗುಜರಿಯಲ್ಲಿ ವಿಚಾರಿಸುತ್ತೇನೆ. ಕಾಫಿ ಗಿಡದ ಗಂಟಿನ ಮಾತು ಬಂತು, ಆದರೆ ಕಾಂಡ ಸೀಳುವುದು ಹೇಗೆ ಅಂತ ಯಾರೂ ಹೇಳಲಿಲ್ಲ?

ಕೊಪ್ಪದಿಂದ:

ಅದನ್ನು ಸೀಳುವ ಸಾಹಸ ಬೇಡ. ಗಟ್ಟಿ ಮರ, ಕೊಂಬೆ ಒಡೆದಲ್ಲೆಲ್ಲ ಗಂಟು. ಒಲೆ ಹೊತ್ತಿಕೊಂಡ ಮೇಲೆ ಇಡಿಯಾಗಿ ಒಳಗೆ ತಳ್ಳಿ, ನಿಧಾನಕ್ಕೆ ಕೆಂಡವಾಗಿ ಉರಿಯುತ್ತದೆ. ಸೀಳಿಗೆ ಸಿಲ್ವರ್ ಓಕ್ ಸಾಕು. ಅಡಿಕೆ ದಬ್ಬೆ ಇದ್ದರೆ ಇನ್ನೂ ಸಲೀಸು.