ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ರೆಗ್ಯುಲರ್ ಸೀಸನ್ ಪಂದ್ಯಕ್ಕೆ ಇಷ್ಟು ದುಡ್ಡು ಹಾಕಬಹುದಾ? ನಿಮ್ಮ ಟೀಮಿನ ಮರೆಯದ ಗೆಲುವು ಯಾವುದು?

ಸೋಮವಾರಪೇಟೆ ಹುಡುಗ, ಮಿಸಿಸಾಗಾ

ಅನುಭವ ಇದ್ದವರು ಹೇಳಿ. ಅಪ್ಪ ಜನವರಿಯಲ್ಲಿ ಬರುತ್ತಿದ್ದಾರೆ. ಹಾಕಿ ಸ್ಟಿಕ್ ಹಿಡಿದೇ ಬೆಳೆದವರು. 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ ಅದು ನಡೆದ ವರ್ಷವೆಲ್ಲ ಮೈದಾನದ ಪಕ್ಕ ಕೂತಿದ್ದಾರೆ. ಅವರಿಗೆ ಇಲ್ಲಿನ ಟೊರಾಂಟೊ ಟೀಮು ಲೀಫ್ಸ್‌ನ ಒಂದು ಪಂದ್ಯ ತೋರಿಸುವ ಆಸೆ. ಮೇಲಿನ ಗ್ಯಾಲರಿ, ಇಬ್ಬರಿಗೆ ಎಲ್ಲ ಸೇರಿ 430 ಡಾಲರ್ ಆಗುತ್ತೆ. "80ಕ್ಕೂ ಹೆಚ್ಚು ಪಂದ್ಯದಲ್ಲಿ ಅದೂ ಒಂದು. ಗೆದ್ದರೂ ಸೋತರೂ ಮರುದಿನ ಯಾರಿಗೆ ನೆನಪಿರುತ್ತೆ? ಟಿವಿಲೇ ತೋರಿಸಿ" ಅಂತಾಳೆ ಹೆಂಡತಿ. ಅಪ್ಪ ಮಾರ್ಚ್‌ಗೆ ವಾಪಸ್. ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯುವ ನಾಕೌಟ್ ಸುತ್ತುಗಳು, ಶುರುವಾಗುವುದು ಏಪ್ರಿಲ್‌ನಲ್ಲಿ. ಹಾಗಾಗಿ ಆ ಮಾತು ಬೇಡ. ನಿಮ್ಮ ಟೀಮಿನ ರೆಗ್ಯುಲರ್ ಸೀಸನ್ ಗೆಲುವುಗಳಲ್ಲಿ ಇವತ್ತಿಗೂ ಮನಸ್ಸಲ್ಲಿ ಉಳಿದದ್ದು ಯಾವುದು? ಹಾಕಿದ ದುಡ್ಡು ಸಾರ್ಥಕ ಅನ್ನಿಸಿತಾ?

ಡೆಟ್ರಾಯಿಟ್ ದಾವಣಗೆರೆ

ಮರುದಿನ ನೆನಪಿರಲ್ಲ ಅನ್ನುವವರಿಗೆ 26 ಮಾರ್ಚ್ 1997 ಅಂತ ಹೇಳಿ. ನಮ್ಮ ಡೆಟ್ರಾಯಿಟ್ ರೆಡ್ ವಿಂಗ್ಸ್, ಎದುರಿಗೆ ಡೆನ್ವರ್‌ನ ಕೊಲೊರಾಡೊ ಟೀಮು. ನಮ್ಮೂರಿನ ಯಾವ ಕ್ಷೌರದಂಗಡಿಯಲ್ಲಿ ಆ ತಾರೀಕು ಎತ್ತಿದರೂ ಕತ್ತರಿ ನಿಲ್ಲುತ್ತದೆ.

ಅದರ ಹಿಂದಿನ ವರ್ಷ ಮೇ 29ರಂದು ಕೊಲೊರಾಡೊದ ಕ್ಲೋಡ್ ಲೆಮ್ಯೂ ನಮ್ಮ ಕ್ರಿಸ್ ಡ್ರೇಪರ್‌ನನ್ನು ಹಿಂದಿನಿಂದ ಐಸ್ ಅಂಚಿನ ಗೋಡೆಗೆ ಗುದ್ದಿದ್ದ. ದವಡೆ, ಕೆನ್ನೆಮೂಳೆ, ಮೂಗು ಮೂರೂ ಮುರಿದವು. ಲೆಮ್ಯೂಗೆ ಸಿಕ್ಕ ಶಿಕ್ಷೆ ಎರಡು ಪಂದ್ಯ, ಅಷ್ಟೇ. ಅವರು ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಎತ್ತಿದರು. ಆ ಸೀಸನ್ 62 ಪಂದ್ಯ ಗೆದ್ದ ನಾವು ಮನೆಯಲ್ಲಿ ಕೂತೆವು.

ಆಗ ನನ್ನದು ಮೊದಲ ಕೆಲಸ. ಕೈಯಲ್ಲಿ ಟಿಕೆಟ್ ಇರಲಿಲ್ಲ. ನಮ್ಮ ಜೋ ಲೂಯಿಸ್ ಅರೀನಾದ ಹೊರಗೆ ಒಬ್ಬ 75 ಡಾಲರ್ ಕೇಳಿದ. ಜೇಬಲ್ಲಿದ್ದದ್ದು ಕಾರಿನ ಬ್ರೇಕ್ ಪ್ಯಾಡ್‌ಗೆ ತೆಗೆದಿಟ್ಟ ದುಡ್ಡು. ಕೊಟ್ಟುಬಿಟ್ಟೆ. ಪಾರ್ಕಿಂಗ್‌ಗೆ 10 ಬೇರೆ. ಏಪ್ರಿಲ್ ಪೂರ್ತಿ ಬ್ರೇಕ್ ಕಿರುಚಿತು. ಮೇ ಹೊತ್ತಿಗೆ ರೋಟರ್‌ಗಳೂ ಸವೆದು ಬಿಲ್ 340 ಆಯಿತು. ಹಿಂದಿನ ಎಡ ಚಕ್ರದ ಕ್ಯಾಲಿಪರ್ ಕೂಡ ಬದಲಿಸಬೇಕಾಯಿತು, ಅದು ಇದರಲ್ಲಿ ಸೇರಿಲ್ಲ.

ಮೂರು ಪಿರಿಯಡ್ ಆಟದಲ್ಲಿ ಮೊದಲನೆಯದು ಮುಗಿಯುವ ಹೊತ್ತು. ನಮ್ಮ ಲ್ಯಾರಿಯೊನೊವ್ ಮತ್ತು ಅವರ ಫೋರ್ಸ್‌ಬರ್ಗ್ ಕೈ ಕೈ ಮಿಲಾಯಿಸಿದರು. ಯಾರೂ ಊಹಿಸದ ಜೋಡಿ ಅದು. ಅಷ್ಟರಲ್ಲಿ ನಮ್ಮ ಡ್ಯಾರೆನ್ ಮೆಕಾರ್ಟಿ ನೇರ ಲೆಮ್ಯೂ ಮೇಲೆ ಬಿದ್ದ. ಲೆಮ್ಯೂ ಮಂಡಿಯೂರಿ ತಲೆ ಮುಚ್ಚಿಕೊಂಡ. ಅವರ ಗೋಲ್‌ಕೀಪರ್ ಪ್ಯಾಟ್ರಿಕ್ ರೊಯಿ ಗೋಲು ಬಿಟ್ಟು ಓಡಿಬಂದ, ನಮ್ಮ ಶಾನಹಾನ್ ಅವನಿಗೆ ಗಾಳಿಯಲ್ಲೇ ಢಿಕ್ಕಿ ಹೊಡೆದ. ಆಮೇಲೆ ನಮ್ಮ ಗೋಲ್‌ಕೀಪರ್ ವರ್ನನ್‌ಗೂ ರೊಯಿಗೂ ಐಸ್ ನಡುವೆ ಗುದ್ದಾಟ. ರೊಯಿ ಮುಖದಲ್ಲಿ ರಕ್ತ. ಪಕ್ಕದಲ್ಲಿ ಕೂತಿದ್ದ ಮುದುಕಿ ಎದ್ದುನಿಂತು ಅಳುತ್ತಿದ್ದಳು.

ಪಂದ್ಯವನ್ನೂ ಮರೆಯಬೇಡಿ. ಮೂರನೇ ಪಿರಿಯಡ್‌ನಲ್ಲಿ 5-3 ಹಿಂದಿದ್ದೆವು. ಸಮ ಮಾಡಿದೆವು. ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲು ಹೊಡೆದವನು ಅದೇ ಮೆಕಾರ್ಟಿ. 6-5. ಆ ಜೂನ್‌ನಲ್ಲಿ 1955ರ ನಂತರ ಮೊದಲ ಸಲ ಕಪ್ ಬಂತು. ಆ ಕಪ್ ನಿಜವಾಗಿ ಗೆದ್ದದ್ದು ಮಾರ್ಚ್ 26ರ ರಾತ್ರಿ.

ಡೆನ್ವರ್ ಧಾರವಾಡ

ಅರ್ಧ ಕತೆ ಹೇಳಬೇಡಿ. ಮೆಕಾರ್ಟಿ ಹೊಡೆದಾಗ ಲೆಮ್ಯೂ ಅವನ ಕಡೆ ನೋಡುತ್ತಲೂ ಇರಲಿಲ್ಲ. ಕೊಟ್ಟದ್ದು ನಾಲ್ಕು ನಿಮಿಷದ ಪೆನಾಲ್ಟಿ. ಪಂದ್ಯದಿಂದ ಹೊರಗೆ ಹಾಕಬೇಕಿತ್ತು. ಹಾಕಿದ್ದರೆ ಓವರ್‌ಟೈಮ್ ಗೋಲು ಹೊಡೆಯೋಕೆ ಅವನು ಇರುತ್ತಲೇ ಇರಲಿಲ್ಲ. ಹೊಡೆದಾಟ ನೋಡೋಕೆ ದುಡ್ಡು ಕೊಟ್ಟು ಅದನ್ನು ಹಾಕಿ ಆಟ ಅಂತೀರಿ.

ನನ್ನ ಗೆಲುವು 17 ಅಕ್ಟೋಬರ್ 2000, ನಮ್ಮ ಕೊಲೊರಾಡೊದ್ದು, ವಾಷಿಂಗ್ಟನ್‌ನಲ್ಲಿ. ಇನ್ನೂ ಸೀಸನ್ನಿನ ಮೊದಲ ತಿಂಗಳು. ಪ್ಲೇಆಫ್ ಲೆಕ್ಕ ಇಲ್ಲ, ಏನೂ ಇಲ್ಲ. ಆದರೆ ಅತಿ ಹೆಚ್ಚು ಪಂದ್ಯ ಗೆದ್ದ ಗೋಲ್‌ಕೀಪರ್ ಅನ್ನುವ ದಾಖಲೆಯಲ್ಲಿ ರೊಯಿ 447 ಗೆಲುವಿಗೆ ಟೆರ್ರಿ ಸಾಚಕ್ ಜೊತೆ ಸಮ ಇದ್ದ. ಸಾಚಕ್ ಡೆಟ್ರಾಯಿಟ್‌ನ ಗೋಲ್‌ಕೀಪರ್ ಆಗಿದ್ದ ಅಂತ ಮೇಲಿನವರಿಗೆ ಚೆನ್ನಾಗಿ ಗೊತ್ತು. ನನ್ನ ಪ್ರಾಜೆಕ್ಟ್ ಆಗ ವರ್ಜೀನಿಯಾದಲ್ಲಿ. ಆ ರಾತ್ರಿಯೇ ಸಾಫ್ಟ್‌ವೇರ್ ರಿಲೀಸ್. ಅದನ್ನು ಬಿಟ್ಟು ಪಂದ್ಯಕ್ಕೆ ಹೋದೆ. ಫೋರ್ಸ್‌ಬರ್ಗ್ ಓವರ್‌ಟೈಮ್‌ನಲ್ಲಿ ಗೋಲು ಹೊಡೆದು 4-3 ಮಾಡಿದ. ರೊಯಿಯ 448ನೇ ಗೆಲುವು. ಬೇರೆ ಊರಿನ ಜನ ಎದ್ದು ಚಪ್ಪಾಳೆ ತಟ್ಟಿದರು.

ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಮನೆ ಖಾಲಿ ಮಾಡೋಕೆ ಕೊಟ್ಟದ್ದು ಹತ್ತು ದಿನ. ಬಾಡಿಗೆ ಟ್ರಕ್ 1,150, ಡೀಸೆಲ್ 300ರ ಮೇಲೆ, ಕ್ಯಾನ್ಸಸ್‌ನಲ್ಲಿ ಒಂದು ಟೈರ್, ಅಡ್ವಾನ್ಸ್‌ನಲ್ಲಿ 600 ಹಿಡಿದುಕೊಂಡರು. ಕಾರ್ಪೆಟ್ ಮೇಲೆ ಕಲೆ ಇದೆಯಂತೆ. ಆ ಕಲೆ ನಾನು ಬರುವ ಮೊದಲೇ ಇತ್ತು, ಫೋಟೊ ಇವತ್ತೂ ಇದೆ. ಆದರೂ ಅದೇ ರಾತ್ರಿ ಮತ್ತೆ ಬಂದರೆ ಮತ್ತೆ ಹೋಗುತ್ತೇನೆ.

ಹ್ಯಾಬ್ಸ್ ಮಂಡ್ಯ

19 ಫೆಬ್ರವರಿ 2008, ಮಂಗಳವಾರ. ಮಾಂಟ್ರಿಯಲ್‌ನ ಬೆಲ್ ಸೆಂಟರ್. ನಮ್ಮ ಕೆನೇಡಿಯನ್ಸ್, ಅಂದರೆ ಹ್ಯಾಬ್ಸ್, ನ್ಯೂಯಾರ್ಕ್ ರೇಂಜರ್ಸ್ ಎದುರು 5-0 ಹಿಂದೆ, ಎರಡನೇ ಪಿರಿಯಡ್ ಆಗಷ್ಟೇ ಶುರುವಾಗಿತ್ತು. ಜೊತೆಗೆ ಬಂದಿದ್ದ ಭಾವ "ಸಾಕು, ಹೈವೇಲಿ ಹಿಮ ಬೀಳ್ತಿದೆ, ಹೋಗೋಣ" ಅಂದರು. ಒಟ್ಟಾವಾದಿಂದ ಒಂದೇ ಕಾರಲ್ಲಿ ಬಂದಿದ್ದೆವು. ನಾನು ಏಳಲಿಲ್ಲ. ಅವರು ಕೀ ತಗೊಂಡು ಹೊರಟರು. ಹೌದು, ಕಾರು ಅವರದ್ದೇ.

ರೈಡರ್ ಎರಡು, ಕೊವಾಲೆವ್ ಎರಡು, ಸ್ಟ್ರೈಟ್ ಒಂದು. 5-5. ಶೂಟೌಟ್‌ನಲ್ಲಿ (ಸಮವಾದರೆ ಒಬ್ಬೊಬ್ಬರಾಗಿ ಬಂದು ಗೋಲ್‌ಕೀಪರ್ ಎದುರು ಹೊಡೆಯುವುದು) ನಮ್ಮ ಕೊಯಿವು ಹಾಕಿದ, ಮುಗಿಯಿತು. ಕೆನೇಡಿಯನ್ಸ್ ಇತಿಹಾಸದಲ್ಲೇ ಅಷ್ಟು ಹಿಂದಿನಿಂದ ಎದ್ದು ಬಂದ ಗೆಲುವು ಇನ್ನೊಂದಿಲ್ಲ. ಕೊಯಿವು ಕ್ಯಾನ್ಸರ್ ಗೆದ್ದು ಬಂದವನು, ಅದನ್ನೂ ಸೇರಿಸಿಕೊಳ್ಳಿ.

ರಾತ್ರಿ ಬಸ್ ತಪ್ಪಿತು. ಬಸ್ ನಿಲ್ದಾಣದ ಬೆಂಚ್, ಬೆಳಗಿನ ಬಸ್ಸಿಗೆ 38 ಡಾಲರ್, ಅರ್ಧ ದಿನದ ಸಂಬಳ ಕಟ್. ಭಾವ ಇವತ್ತಿಗೂ ಪೆಟ್ರೋಲ್ ಪಾಲು ಕೇಳುತ್ತಾರೆ. ವಾಪಸ್ ಕರೆದುಕೊಂಡು ಹೋಗದ ಕಾರಿಗೆ ನಾನು ಯಾಕೆ ಕೊಡಬೇಕು?

ಡೆಟ್ರಾಯಿಟ್ ದಾವಣಗೆರೆ

ಶೂಟೌಟ್ ಗೆಲುವು ಗೆಲುವಲ್ಲ. 2005ಕ್ಕೆ ಮೊದಲಾಗಿದ್ದರೆ ನಿಮ್ಮದು 5-5 ಡ್ರಾ. ಪ್ಲೇಆಫ್‌ನಲ್ಲಿ ಅದನ್ನು ಯಾಕೆ ಇಟ್ಟಿಲ್ಲ ಅಂತ ಯೋಚಿಸಿ.

ಹ್ಯಾಬ್ಸ್ ಮಂಡ್ಯ

ಐದು ಗೋಲು ಶೂಟೌಟ್‌ನಲ್ಲಿ ಬಂದವಾ? ಆಟದಲ್ಲೇ ಬಂದವು. ನಿಮ್ಮದು ಗುದ್ದಿ ಗೆದ್ದದ್ದು, ನಮ್ಮದು ಆಡಿ ಗೆದ್ದದ್ದು.

ನೀಲಿ ಎಲೆ

ಶೂಟೌಟ್ ಗೆಲುವಲ್ಲ ಅಂದವರು ಯಾವ ಊರಿನವರು ಅಂತ ನೋಡಿ. 1 ಜನವರಿ 2014, ಆ್ಯನ್ ಆರ್ಬರ್, ಮಿಶಿಗನ್ ಸ್ಟೇಡಿಯಂ. ಬಯಲಲ್ಲಿ ವಿಂಟರ್ ಕ್ಲಾಸಿಕ್, ಇವರ ಮನೆ ಬಾಗಿಲಲ್ಲೇ. ಲೀಫ್ಸ್ 3, ರೆಡ್ ವಿಂಗ್ಸ್ 2. ಮುಗಿಸಿದವನು ನಮ್ಮ ಟೈಲರ್ ಬೊಜಾಕ್, ಶೂಟೌಟ್‌ನಲ್ಲಿ. ಅದಕ್ಕೇ ಉರಿ.

ನಾನು, ಮಗಳು, ನನ್ನ ತಂಗಿ ಹೋಗಿದ್ದೆವು. ಆರು ತಿಂಗಳ ಮೊದಲೇ ಒಂದು ಮರುಮಾರಾಟದ ಸೈಟಿನಲ್ಲಿ ಮೂರು ಟಿಕೆಟ್ ತಗೊಂಡಿದ್ದೆ. ಎರಡು ದಿನ ಇದೆ ಅನ್ನುವಾಗ "ಮಾರಿದವರು ಕೊಡುತ್ತಿಲ್ಲ" ಅಂತ ಮೇಲ್. ದುಡ್ಡು ವಾಪಸ್ ಬಂದದ್ದು ಮಾರ್ಚ್‌ನಲ್ಲಿ, ಸರ್ವಿಸ್ ಚಾರ್ಜ್ 94 ಡಾಲರ್ ಕಳೆದು. ಅಷ್ಟರಲ್ಲಿ ಬೇರೆ ಕಡೆ ಹೆಚ್ಚುಕಮ್ಮಿ ಎರಡರಷ್ಟು ಕೊಟ್ಟಿದ್ದೆ, ಅದೂ ಅಮೆರಿಕನ್ ಡಾಲರ್‌ನಲ್ಲಿ. ಅಲ್ಲಿ ರೂಮ್ ಸಿಗದೆ ವಿಂಡ್ಸರ್‌ನಲ್ಲಿ ಉಳಿದೆವು. ಅಂಬಾಸಡರ್ ಸೇತುವೆ ಮೇಲೆ ಕಾರುಗಳು ಕದಲಲೇ ಇಲ್ಲ. ವಾಪಸ್ ಬಂದಾಗ ಬ್ಯಾಟರಿ ಸತ್ತಿತ್ತು, ಜಂಪ್ ಕೊಟ್ಟವನಿಗೆ 60.

ಅಷ್ಟು ಚಳಿ, ಮೇಲಿಂದ ಸುರಿಯುವ ಹಿಮ. ಆಟ ನಿಂತಾಗೆಲ್ಲ ಸಲಿಕೆ ಹಿಡಿದ ಹುಡುಗರು ಬಂದು ಐಸ್ ಗುಡಿಸುತ್ತಿದ್ದರು. ಗುಡಿಸಿದ ಸ್ವಲ್ಪ ಹೊತ್ತಿಗೆ ಪಕ್ (ಚೆಂಡಿನ ಬದಲು ಆಡುವ ಬಿಲ್ಲೆ) ಮತ್ತೆ ಹಿಮದಲ್ಲಿ ಸಿಕ್ಕಿಕೊಂಡು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. 1,05,491 ಜನ. ನಮ್ಮ ಮುಂದಿನ ಸಾಲಿನವರ ಟೋಪಿಗಳ ಮೇಲೆ ಬೆರಳುದ್ದ ಹಿಮ, ಒಬ್ಬರೂ ಕೊಡವಿಕೊಳ್ಳುತ್ತಿರಲಿಲ್ಲ. 1967ರಿಂದ ಕಪ್ ಇಲ್ಲದ ಟೀಮಿಗೆ ಅಂಟಿಕೊಂಡವರಿಗೆ ಜನವರಿಯ ಗೆಲುವೇ ಹಬ್ಬ. ಪ್ಲೇಆಫ್‌ಗೆ ಕಾಯಿರಿ ಅಂತ ನಮಗೆ ಯಾರೂ ಹೇಳಬೇಡಿ.

ರಾಲಿ ಅಮ್ಮ

ಮಿಸಿಸಾಗಾದವರೇ, ಒಳ್ಳೆಯ ಲೀಫ್ಸ್ ಪಂದ್ಯ ನಾನು ಹೇಳುತ್ತೇನೆ. 22 ಫೆಬ್ರವರಿ 2020, ಶನಿವಾರ, ಟೊರಾಂಟೊದಲ್ಲೇ. ನಮ್ಮ ಕೆರೊಲೈನಾ ಹರಿಕೇನ್ಸ್‌ನ ಇಬ್ಬರೂ ಗೋಲ್‌ಕೀಪರ್‌ಗಳಿಗೆ ಪೆಟ್ಟಾಯಿತು, ಮೊದಲು ರೈಮರ್, ಆಮೇಲೆ ಮ್ರಾಜೆಕ್. ಆಗಿನ ನಿಯಮದ ಪ್ರಕಾರ ಆತಿಥೇಯ ಊರಿನ ತುರ್ತು ಗೋಲ್‌ಕೀಪರ್ ಬರಬೇಕಿತ್ತು. ಬಂದವರು ಡೇವಿಡ್ ಏರ್ಸ್. ವಯಸ್ಸು 42. ಐಸ್ ನಯಮಾಡುವ ಜಾಂಬೋನಿ ಓಡಿಸಿದವರು. ಮೊದಲ ಎರಡು ಹೊಡೆತ ಎರಡೂ ಗೋಲು. 4-1 ಇದ್ದದ್ದು 4-3 ಆಯಿತು. ಆಮೇಲೆ ಬಂದ ಎಂಟನ್ನೂ ತಡೆದರು. 6-3 ಗೆದ್ದೆವು.

ಇನ್ನೊಂದು ವಿಷಯ. 2004ರಲ್ಲಿ ಅವರಿಗೆ ಕಿಡ್ನಿ ಕಸಿ ಆಗಿತ್ತು, ಕೊಟ್ಟವರು ಅವರ ತಾಯಿ. ನನ್ನ ತಮ್ಮನಿಗೂ ನಮ್ಮಮ್ಮನೇ ಕಿಡ್ನಿ ಕೊಟ್ಟಿದ್ದು. ಬೆಂಗಳೂರಲ್ಲಿ ಅವನು ಔಷಧಿ ಡಬ್ಬ ಪಕ್ಕದಲ್ಲಿಟ್ಟುಕೊಂಡು ಬೆಳಗಿನ ಜಾವ ಫೋನಿನಲ್ಲಿ ಅದನ್ನು ನೋಡಿದ. ಕಸಿ ಆದವನು ಕುಸ್ತಿ ಆಡಬಾರದು, ಭಾರ ಎತ್ತಬಾರದು ಅಂತ ಊರೆಲ್ಲ ಹೇಳಿ ಹೇಳಿ ಅವನನ್ನು ಮೂಲೆಗೆ ಕೂರಿಸಿತ್ತು. ಮುಂದಿನ ವಾರವೇ ಡಾಕ್ಟರ್ ಹತ್ತಿರ ಹೋಗಿ ಬ್ಯಾಡ್ಮಿಂಟನ್ ಆಡಬಹುದಾ ಅಂತ ಕೇಳಿದ. ಆಡುತ್ತಿದ್ದಾನೆ. ನನಗೆ ಆ ಪಂದ್ಯಕ್ಕೆ ಒಂದು ಡಾಲರ್ ಖರ್ಚಾಗಿಲ್ಲ.

ನೀಲಿ ಎಲೆ

ಆ ರಾತ್ರಿ ನಾನು ಅರೀನಾದಲ್ಲಿದ್ದೆ. ಮೂರು ಟಿಕೆಟ್, 612 ಡಾಲರ್. ಏರ್ಸ್ ನಮ್ಮ ಊರಿನವರು, ಲೀಫ್ಸ್‌ನ ಕೆಳಹಂತದ ಟೀಮು ಮಾರ್ಲೀಸ್ ಜೊತೆ ಅಭ್ಯಾಸ ಮಾಡಿದವರು, ನಮ್ಮ ಕಟ್ಟಡದಲ್ಲಿ ನಮ್ಮನ್ನೇ ಸೋಲಿಸಿದರು. ಅವರ ಮೇಲೆ ಸಿಟ್ಟಿಲ್ಲ. ಮೂರನೇ ಪಿರಿಯಡ್ ಪೂರ್ತಿ ಸರಿಯಾಗಿ ಒಂದು ಹೊಡೆತ ಹೊಡೆಯದ ನಮ್ಮ ಕೋಟ್ಯಾಧಿಪತಿಗಳ ಮೇಲೆ ಸಿಟ್ಟು. ತಮ್ಮನ ವಿಷಯ ಕೇಳಿ ಖುಷಿಯಾಯಿತು. ಆದರೆ "ಒಳ್ಳೆಯ ಲೀಫ್ಸ್ ಪಂದ್ಯ" ಅಂತ ಬರೆಯಬೇಕಿರಲಿಲ್ಲ.

ಬಾಸ್ಟನ್ ಬಸವನಗುಡಿ

ಎಲ್ಲರೂ ಸುಮ್ನೆ ಭಾವುಕರಾಗಿದ್ದೀರಿ. 2022-23ರಲ್ಲಿ ನಮ್ಮ ಬ್ರೂಯಿನ್ಸ್ 65 ಗೆದ್ದರು, 135 ಪಾಯಿಂಟ್, ಲೀಗಿನ ದಾಖಲೆ. ನಾಲ್ಕು ಜನ ಸೇರಿ ಸೀಸನ್ ಟಿಕೆಟ್ ಮಾಡಿದ್ದೆವು. ನನ್ನ ಪಾಲು 2,600. ಬಾಯ್ಲರ್ ಬದಲಿಸುವುದನ್ನು ಮುಂದೂಡಿದೆ. ಏಪ್ರಿಲ್ 9ಕ್ಕೆ ಫಿಲಡೆಲ್ಫಿಯಾಕ್ಕೂ ಓಡಿದೆ. 5-3, ನಮ್ಮ ಪಾಸ್ಟರ್ನಾಕ್ ಮೂರು ಗೋಲು ಹಾಕಿ ಸೀಸನ್ನಿಗೆ 60 ಗೋಲು ಮುಟ್ಟಿದ, ಟೀಮಿನದು 63ನೇ ಗೆಲುವು, ಹಳೆಯ ದಾಖಲೆ ಮುರಿಯಿತು. ಅಪರಿಚಿತರನ್ನು ತಬ್ಬಿಕೊಂಡೆ.

ಮೂರು ವಾರಕ್ಕೆ ಏಪ್ರಿಲ್ 30. ಪ್ಲೇಆಫ್‌ನಲ್ಲಿ ಫ್ಲಾರಿಡಾ ಎದುರು 3-1 ಮುಂದಿದ್ದ ಸರಣಿಯ ಏಳನೇ ಪಂದ್ಯ. ಕೊನೆಯ ನಿಮಿಷದಲ್ಲಿ ಅವರ ಮಾಂಟೂರ್ ಸಮ ಮಾಡಿದ, ಓವರ್‌ಟೈಮ್‌ನಲ್ಲಿ ವೆರ್‌ಹೇಗಿ ಮುಗಿಸಿದ. ಮೊದಲ ಸುತ್ತಿನಲ್ಲೇ ಮನೆಗೆ. ಬಾಯ್ಲರ್ ನವೆಂಬರ್‌ನಲ್ಲಿ ಕೈಕೊಟ್ಟಿತು, ತುರ್ತು ದರದಲ್ಲಿ 9,400. ಈಗ ಹೇಳಿ, 65 ಗೆಲುವು ಏನು ಮಾಡಿತು? ದುಡ್ಡು ಉಳಿಸಿ ಪ್ಲೇಆಫ್‌ಗೆ ಹೋಗಿ.

ಸೋಮವಾರಪೇಟೆ ಹುಡುಗ, ಮಿಸಿಸಾಗಾ

ಸರ್, ಅಪ್ಪ ಮಾರ್ಚ್‌ಗೆ ಹೋಗ್ತಾರೆ. ಅಂದ ಹಾಗೆ, ಫೋನಲ್ಲಿ ಕೇಳಿದೆ. ಯಾರ ಎದುರು ಆಡಿದರೂ ಪರವಾಗಿಲ್ಲ, ಗೋಲ್‌ಕೀಪರ್ ಹತ್ತಿರ ಕಾಣಬೇಕು ಅಂದರು. ಗೋಲಿನ ಹಿಂದೆ ಕೂತರೆ ಬಲೆ ಅಡ್ಡ ಬರುತ್ತಾ?

ಹ್ಯಾಬ್ಸ್ ಮಂಡ್ಯ

135 ಪಾಯಿಂಟ್ ಅಂತ ದೊಡ್ಡದಾಗಿ ಹೇಳಬೇಡಿ. 1976-77ರಲ್ಲಿ ನಮ್ಮವರು 80 ಪಂದ್ಯದಲ್ಲೇ 132 ಮಾಡಿದ್ದರು. 60 ಗೆಲುವು, 8 ಸೋಲು, 12 ಡ್ರಾ. ಓವರ್‌ಟೈಮ್ ಇಲ್ಲ, ಶೂಟೌಟ್ ಇಲ್ಲ. ಫೈನಲ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಗೆದ್ದು ಯಾರನ್ನು ಮನೆಗೆ ಕಳಿಸಿದರು ಗೊತ್ತಲ್ವಾ? ನಿಮ್ಮನ್ನೇ.

ಬಾಸ್ಟನ್ ಬಸವನಗುಡಿ

ಹತ್ತು ನಿಮಿಷದ ಹಿಂದೆ ಶೂಟೌಟ್ ಗೆಲುವಿಗೆ ಕುಣಿಯುತ್ತಿದ್ದವರು ನೀವೇ. ಈಗ ಶೂಟೌಟ್ ಇಲ್ಲದ್ದು ದೊಡ್ಡಸ್ತಿಕೆ ಆಯಿತಾ?

ಡೆಟ್ರಾಯಿಟ್ ದಾವಣಗೆರೆ

ಮಾಂಟ್ರಿಯಲ್ ಹೆಸರು ಬಂತು, ನನ್ನ ಇನ್ನೊಂದು ಗೆಲುವು ಕೇಳಿ. 2 ಡಿಸೆಂಬರ್ 1995. ಅವರದೇ ಅರೀನಾ ಫೋರಂನಲ್ಲಿ 11-1.

ಹ್ಯಾಬ್ಸ್ ಮಂಡ್ಯ

ಆ ರಾತ್ರಿಯನ್ನು ಎತ್ತಬೇಡಿ. ಆಗ ನಮ್ಮ ಗೋಲ್‌ಕೀಪರ್ ಆಗಿದ್ದ ರೊಯಿ ಒಂಬತ್ತು ಗೋಲು ತಿನ್ನುವವರೆಗೂ ಕೋಚ್ ಅವನನ್ನು ಹೊರಗೆ ಕರೆಯಲಿಲ್ಲ. ಬೆಂಚಿಗೆ ಬಂದವನು ನೇರ ಕ್ಲಬ್ ಅಧ್ಯಕ್ಷರ ಹತ್ತಿರ ಹೋಗಿ, ಮಾಂಟ್ರಿಯಲ್‌ಗೆ ಇದೇ ನನ್ನ ಕೊನೆಯ ಪಂದ್ಯ ಅಂದ. ನಾಲ್ಕು ದಿನಕ್ಕೆ ಕೊಲೊರಾಡೊಗೆ ಮಾರಿದರು, ಜೊತೆಗೆ ನಾಯಕ ಕೀನ್‌ನನ್ನೂ ಕೊಟ್ಟರು. ಬದಲಿಗೆ ಬಂದವರು ಥಿಬೋ, ರುಚಿನ್ಸ್ಕಿ, ಕೊವಾಲೆಂಕೊ. ಕಪ್ ಆ ವರ್ಷವೇ ಡೆನ್ವರ್‌ಗೆ ಹೋಯಿತು. ನಮ್ಮಲ್ಲಿಗೆ ಇನ್ನೂ ಬಂದಿಲ್ಲ.

ಡೆನ್ವರ್ ಧಾರವಾಡ

ಡೆಟ್ರಾಯಿಟ್‌ನವರು ಆ 11-1ಕ್ಕೆ ಹೆಮ್ಮೆ ಪಡುವ ಮೊದಲು ಯೋಚಿಸಲಿ. ಅಷ್ಟು ಗೋಲು ಹೊಡೆದು ರೊಯಿಯನ್ನು ನಮಗೆ ಕೊಡಿಸಿದವರು ಅವರೇ. ಆರು ತಿಂಗಳಲ್ಲಿ ಅವನೇ ಅವರ 62 ಗೆಲುವಿನ ಸೀಸನ್ ಮುಗಿಸಿದ.

ನೀಲಿ ಎಲೆ

ಹುಡುಗ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಬಲೆ ಅಡ್ಡ ಬರುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಕಣ್ಣಿಗೆ ರೂಢಿಯಾಗುತ್ತದೆ. ಲೀಫ್ಸ್ ಎರಡು ಪಿರಿಯಡ್ ದಾಳಿ ಮಾಡುವ ತುದಿ ಯಾವುದು ಅಂತ ನೋಡಿ, ಆ ಮೂಲೆಯಲ್ಲಿ ತಗೊಳ್ಳಿ. ವಾರದ ದಿನದ್ದು ನೋಡಿ, ಶನಿವಾರ ಬೇಡ. ಮಾಂಟ್ರಿಯಲ್ ಎದುರು ಮಾತ್ರ ಬೇಡವೇ ಬೇಡ, ಅದಕ್ಕೆ ಜಾಸ್ತಿ ದುಡ್ಡು, ಮೇಲಿಂದ ಅರ್ಧ ಅರೀನಾ ಕೆಂಪು ಜೆರ್ಸಿ.

ಹ್ಯಾಬ್ಸ್ ಮಂಡ್ಯ

ಜಾಸ್ತಿ ದುಡ್ಡು ಯಾಕೆ ಅಂತಲೂ ಹೇಳಿ. ಜನ ನೋಡೋಕೆ ಬರುವುದು ನಮ್ಮನ್ನು.