ಮಕ್ಕಳ ಸಿನಿಮಾ ಡಿಸ್ಕಿನ ಡಬ್ಬಿಯೊಳಗೆ ಚೀಟಿ ಬರೆದಿಡಬೇಕು, ಏನು ಬರೆಯಲಿ?

ಕೇಳಿದವರು: ಧಾರವಾಡ, ಸಪ್ತಾಪುರ

ನಮ್ಮ ಓಣಿಯಲ್ಲಿ ಮಕ್ಕಳಿಗಾಗಿ ಪುಸ್ತಕದ ಒಂದು ಕಪಾಟು ಇಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ಎರಡು ತಾಸು ತೆರೆಯುತ್ತೇವೆ. ನಮ್ಮ ಭಾವನವರು ಅಮೆರಿಕ ಬಿಟ್ಟು ಬರುವಾಗ, ತಮ್ಮ ಮಕ್ಕಳು ನೋಡಿ ಬಿಟ್ಟ ಸಿನಿಮಾ ಡಿಸ್ಕುಗಳನ್ನು ಒಂದು ಪೆಟ್ಟಿಗೆ ತುಂಬಿ ಕೊಟ್ಟರು. ಎಣಿಸಿದೆ, 61 ಇವೆ. ಹೆಚ್ಚಿನವು ಅನಿಮೇಷನ್, ಉಳಿದವು ಮನೆಮಂದಿ ಕೂತು ನೋಡುವಂಥವು. ಪುಸ್ತಕದ ಹಾಗೆ ಇವನ್ನೂ ವಾರಕ್ಕೊಂದು ಮನೆಗೆ ಕೊಡೋಣ, ಡಬ್ಬಿಯೊಳಗೆ ಒಂದೊಂದು ಚೀಟಿ ಇಡೋಣ ಅಂತ ಮಾತಾಯಿತು. ಚೀಟಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೂರು ಬರೆದೆ. ಮೂರರಲ್ಲೂ ಅದೇ: "ಕಥೆ ಚೆನ್ನಾಗಿದೆ, ಚಿತ್ರ ಸುಂದರ, ಮಕ್ಕಳಿಗೆ ಇಷ್ಟವಾಗುತ್ತದೆ." ಇದನ್ನು ಓದಿ ಯಾರಿಗೆ ಏನು ತಿಳಿಯುತ್ತದೆ ಅಲ್ವಾ? ಮನೆಯಲ್ಲಿ ಇಂಥ ಸಿನಿಮಾ ನೋಡಿ ಬೇರೆ ತಂದೆತಾಯಿಗೆ ಹೇಳುವಾಗ ನೀವು ಏನನ್ನು ಗಮನಿಸುತ್ತೀರಿ, ಹೇಳಿ.

ಹುಬ್ಬಳ್ಳಿ ವಿದ್ಯಾನಗರದಿಂದ, ಎಂಟು ಮತ್ತು ನಾಲ್ಕು ವರ್ಷದ ಮಕ್ಕಳ ತಾಯಿ

ಅಕ್ಕಾರ, ಕಥೆ ಬರೆಯುವುದು ಬಿಡಿ. ಅದು ಡಬ್ಬಿಯ ಬೆನ್ನ ಮೇಲೇ ಇರುತ್ತದೆ. ನಾನು ಟಿವಿ ಅರ್ಧ, ಮಕ್ಕಳ ಮುಖ ಅರ್ಧ ನೋಡುತ್ತೇನೆ. ಕೈಯಲ್ಲಿ ಹಾಲಿನ ಲೆಕ್ಕದ ಪುಸ್ತಕ. ಎಷ್ಟನೇ ನಿಮಿಷಕ್ಕೆ ಯಾರು ಎದ್ದು ಹೋದರು, ಯಾರು ಬಂದು ನನ್ನ ಮಗ್ಗುಲಿಗೆ ಅಂಟಿಕೊಂಡರು, ಅಷ್ಟು ಬರೆದುಕೊಳ್ಳುತ್ತೇನೆ.

ಇದನ್ನು ನನಗೆ ಕಲಿಸಿದ್ದು ಫೈಂಡಿಂಗ್ ನೀಮೊ. 2003ರ ಸಿನಿಮಾ. ಅಮೆರಿಕದಲ್ಲಿ ಅದಕ್ಕೆ 'ಜಿ' ಗುರುತು, ಅಂದರೆ ಯಾವ ವಯಸ್ಸಿನವರೂ ನೋಡಬಹುದು. ನಾನು ಅದನ್ನೇ ನಂಬಿ ಡಿಸ್ಕ್ ಹಚ್ಚಿ ರೊಟ್ಟಿ ಬಡಿಯಲು ಹೋದೆ. ಎರಡು ರೊಟ್ಟಿ ಆಗಿರಲಿಲ್ಲ, ಸಣ್ಣಾಕಿ ಅಳುತ್ತ ಬಂದಳು. "ಮಮ್ಮಿ, ಅದರ ಮಮ್ಮಿ ಎಲ್ಲಿ ಹೋದ್ಲು?" ಸಿನಿಮಾದ ಹೆಸರು ಬೀಳುವ ಮೊದಲೇ ದೊಡ್ಡ ಮೀನೊಂದು ತಾಯಿಯನ್ನು ನುಂಗಿಬಿಟ್ಟಿರುತ್ತದೆ. ನುಂಗುವುದನ್ನು ತೋರಿಸುವುದೂ ಇಲ್ಲ. ತಂದೆ ಮೀನಿಗೆ ಎಚ್ಚರವಾದಾಗ ತಾಯಿ ಇಲ್ಲ, ಮೊಟ್ಟೆಗಳಲ್ಲಿ ಒಂದೇ ಉಳಿದಿದೆ. ನಾಲ್ಕು ವರ್ಷದವರಿಗೆ ಅಷ್ಟೇ ಸಾಕು. ದೊಡ್ಡವನಿಗೆ ಆ ಭಾಗ ನೆನಪೇ ಇಲ್ಲ, ಅವನಿಗೆ ಶಾರ್ಕ್ ಬಂದದ್ದೇ ಹಬ್ಬ. ಹಾಗಾಗಿ "ಭಯ ಇದೆ" ಅಂತ ಬರೆದರೆ ಪ್ರಯೋಜನ ಇಲ್ಲ. ಯಾವ ವಯಸ್ಸಿಗೆ ಯಾವುದರ ಭಯ, ಅದು ಬೇಕು. ನಮ್ಮ ಸೆನ್ಸಾರಿನವರು 2024ರಿಂದ ಯುಎ 7+, 13+, 16+ ಅಂತ ಬೇರೆಬೇರೆ ಮಾಡಿದ್ದು ಒಳ್ಳೆಯದಾಯಿತು, ಆದರೆ ನಿಮ್ಮ ಪೆಟ್ಟಿಗೆಯ ಅಮೆರಿಕದ ಡಿಸ್ಕುಗಳ ಮೇಲೆ ಅದು ಇರುವುದಿಲ್ಲ.

ಮನೆಮಂದಿ ಸಿನಿಮಾ ಅಂದರೆ ಮಕ್ಕಳನ್ನು ಮಾತ್ರ ನೋಡಿದರೂ ಆಗುವುದಿಲ್ಲ. 'ಅಪ್' ಅಂತ 2009ರದ್ದು ಒಂದಿದೆ, ಬಲೂನಿಗೆ ಕಟ್ಟಿದ ಮನೆ ಹಾರುವ ಕಥೆ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಗಂಡಹೆಂಡಿರ ಇಡೀ ಸಂಸಾರ ನಡೆದುಹೋಗಿ ಹೆಂಡತಿ ತೀರಿಕೊಳ್ಳುತ್ತಾಳೆ. ಅಲ್ಲಿ ಮಾತೇ ಇಲ್ಲ, ಬರೀ ಸಂಗೀತ. ಮಕ್ಕಳು ಚುರುಮುರಿ ತಿನ್ನುತ್ತ "ಬಲೂನ್ ಯಾವಾಗ ಬರ್ತಾವ?" ಅಂತ ಕೇಳುತ್ತಿದ್ದರು. ನಮ್ಮ ಅತ್ತೆಯವರು ಸುಮ್ನೆ ಎದ್ದು ಒಳಗೆ ಹೋದರು. ಮಾವನವರು ಹೋಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ತಾವೇ ಹೊರಗೆ ಬಂದು ಕೊನೆಯವರೆಗೆ ನೋಡಿದರು, ಆ ಮಾತು ಬೇರೆ. ನಾನು ಚೀಟಿ ಬರೆದಿದ್ದರೆ "ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಮೊದಲು ನೀವೊಬ್ಬರೇ ನೋಡಿ" ಅಂತ ಬರೆಯುತ್ತಿದ್ದೆ.

ಇನ್ನೊಂದು: ಎರಡನೇ ಸಲ ಹಚ್ಚು ಅಂದರೋ ಇಲ್ಲವೋ, ಅದನ್ನು ಬರೆಯಿರಿ. ಮೊದಲ ಸಲ ಮಕ್ಕಳು ಏನು ತೋರಿಸಿದರೂ ನೋಡುತ್ತಾರೆ.

ಹಾವೇರಿಯಿಂದ, ನಿವೃತ್ತ ಬ್ಯಾಂಕ್ ನೌಕರ

ಡಬ್ಬಿಯ ಮೇಲಿನ ಚಿತ್ರ ನೋಡಿ ಮೋಸ ಹೋಗಬೇಡಿ. ಬೇಸಿಗೆ ಸೂಟಿಗೆ ಮೊಮ್ಮಕ್ಕಳು ಬಂದಿದ್ದರು. ಅಂಗಡಿಯವನು "ಕಾರ್ಟೂನ್ ಅದಾವ್ರಿ ಅಜ್ಜಾರ, ಎರಡೂ ಒಂದೇ ಕಂಪನಿದು" ಅಂತ ಜಪಾನಿನ ಎರಡು ಡಿಸ್ಕ್ ಕೊಟ್ಟ. ಒಂದು ಮೈ ನೇಬರ್ ಟೊಟೊರೊ, ಇನ್ನೊಂದು ಗ್ರೇವ್ ಆಫ್ ದ ಫೈರ್‌ಫ್ಲೈಸ್. ಟೊಟೊರೊದಲ್ಲಿ ಕೆಟ್ಟವರೇ ಇಲ್ಲ. ಒಂದೂವರೆ ತಾಸಿನೊಳಗೆ ಮುಗಿಯುತ್ತದೆ, ಮಕ್ಕಳು ಕುಣಿದಾಡಿದರು. ಮರುದಿನ ಎರಡನೆಯದನ್ನು ಹಚ್ಚಿದೆ. ಅದು ಯುದ್ಧದ ಕಥೆ. ಕೋಬೆ ಊರಿನ ಮೇಲೆ ಬಾಂಬ್ ಬಿದ್ದ ಮೇಲೆ ಅಣ್ಣ-ತಂಗಿ ಇಬ್ಬರೇ ಹಸಿದು ಅಲೆಯುವುದು. ನಡುವೆಯೇ ಬಂದ್ ಮಾಡಿದೆ. ಆ ರಾತ್ರಿ ಮೊಮ್ಮಗಳು ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಅವಳ ತಾಯಿಗೆ ಖುಷಿ, ನನಗೆ ಸಂಕಟ.

ಅಂಗಡಿಯವನನ್ನು ಬೈಯಲೂ ಆಗುವುದಿಲ್ಲ. ಅವನು ಹೇಳಿದ್ದು ಖರೆ, ಎರಡೂ ಸ್ಟುಡಿಯೊ ಜಿಬ್ಲಿಯವೇ. 1988ರಲ್ಲಿ ಜಪಾನಿನಲ್ಲೇ ಎರಡನ್ನೂ ಜೋಡಿಯಾಗಿ ಬಿಡುಗಡೆ ಮಾಡಿದ್ದರಂತೆ! ಎಲ್ಲರೂ ಮಲಗಿದ ಮೇಲೆ ಉಳಿದರ್ಧ ನಾನೊಬ್ಬನೇ ನೋಡಿದೆ. ಬಹಳ ದೊಡ್ಡ ಸಿನಿಮಾ. ಮಕ್ಕಳದ್ದಲ್ಲ. ನೀವು 61ನ್ನೂ ಮೊದಲು ಒಬ್ಬರೇ ನೋಡಿ, ವರ್ಷ ಹಿಡಿದರೂ ಚಿಂತೆಯಿಲ್ಲ.

ಗದಗಿನಿಂದ, ಕನ್ನಡ ಶಾಲೆಯ ಮಾಸ್ತರ

ನಮ್ಮ ಹುಡುಗರಿಗೆ ಭಯಕ್ಕಿಂತ ಜಾಸ್ತಿ ಅಡ್ಡ ಬರುವುದು ಭಾಷೆ. ಅಮೆರಿಕದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಇರುತ್ತವೆ. ಹಿಂದಿ ಸಿಕ್ಕರೆ ಪುಣ್ಯ. ಆದ್ದರಿಂದ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಹತ್ತು ನಿಮಿಷ ದನಿ ಬಂದ್ ಮಾಡಿ ತೋರಿಸಿ "ಏನಾತು ಹೇಳ್ರಿ" ಅಂತ ಕೇಳುತ್ತೇನೆ. ಹೇಳಿದರೆ ಅದು ನಮ್ಮ ಶಾಲೆಗೆ ಬಂತು. ಬರೀ ಮಾತಿನ ಮೇಲೆ ನಗಿಸುವ ಸಿನಿಮಾ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಪಾಸಾದದ್ದು 2015ರ ಶಾನ್ ದ ಶೀಪ್ ಮೂವಿ. ಅದರಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ಕುರಿ ಬ್ಯಾ ಅನ್ನುತ್ತವೆ, ಮನುಷ್ಯರು ಗೊಣಗುತ್ತಾರೆ, ಅಷ್ಟೇ. ಕುರಿಗಳು ಸಾಲಾಗಿ ಬೇಲಿ ಹಾರುತ್ತ ಯಜಮಾನನಿಗೆ ನಿದ್ದೆ ಬರಿಸುವ ಜಾಗಕ್ಕೆ ಬಂದಾಗ, ಮನೆಯಲ್ಲಿ ಕುರಿ ಸಾಕಿದ ಒಬ್ಬ ಹುಡುಗ ಎದ್ದು ನಿಂತ. "ಸರ್ರ, ಕುರಿ ಎಣಿಸಿದ್ರ ನಿದ್ದಿ ಬರ್ತದಾ? ನಮ್ಮಪ್ಪಗ ಎಣಿಸಿದ ಮ್ಯಾಲೆ ನಿದ್ದೀನ ಹೋಗ್ತದ್ರಿ." ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಎಲ್ಲಿಯೂ ಓದಿಲ್ಲ. ಇಂಥದ್ದನ್ನು ಹಾಗೇ ಚೀಟಿಗೆ ಇಳಿಸಿ.

ಆ ಸಿನಿಮಾದ ಬೊಂಬೆಗಳನ್ನು ಕೈಯಿಂದ ಚೂರುಚೂರೇ ಸರಿಸಿ, ಒಂದೊಂದು ಸಲವೂ ಫೋಟೊ ತೆಗೆದು ಓಡಾಡಿಸುತ್ತಾರೆ ಅಂತ ಹೇಳಿದೆ. ಮುಂದೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಾಲ್ವರು ಹುಡುಗರು ತಮ್ಮ ಮಣ್ಣೆತ್ತನ್ನು ಜಗುಲಿಯ ಮೇಲಿಟ್ಟು, ನನ್ನ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ಅದನ್ನು ಗೋದಲಿವರೆಗೆ ನಡೆಸಿದರು. ಹತ್ತು ಸೆಕೆಂಡಿನ ಸಿನಿಮಾ. ಎತ್ತಿನ ಒಂದು ಕೋಡು ನಡುವೆ ಬಿದ್ದುಹೋಗಿ ಮತ್ತೆ ಹತ್ತಿಕೊಳ್ಳುತ್ತದೆ. ಸಿನಿಮಾ ಮುಗಿದ ಮೇಲೆ ಮಕ್ಕಳು ಏನು ಆಟ ಹೂಡಿದರು ಅನ್ನುವುದಕ್ಕೂ ಒಂದು ಸಾಲು ಇಡಿ.

ಪೆಟ್ಟಿಗೆಯಲ್ಲಿ ಕನ್ನಡದ್ದು ಒಂದೂ ಇರಲಿಕ್ಕಿಲ್ಲ. 1994ರ ಕೊಟ್ರೇಶಿ ಕನಸು ಸಿಕ್ಕರೆ ಸೇರಿಸಿ. ಕುಂ. ವೀರಭದ್ರಪ್ಪನವರ ಕಥೆ. ಮಾತೂ ನಮ್ಮ ಕಡೆಗೆ ಹತ್ತಿರ.

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದಿಂದ, ಮದುವೆ ವಿಡಿಯೊ ಮಾಡುವವ

ಮೊದಲು ಕೇಳಬೇಕಾದ್ದನ್ನು ಯಾರೂ ಕೇಳಲಿಲ್ಲ ನೋಡ್ರಿ. ಆ ಡಿಸ್ಕ್ ನಿಮ್ಮ ಓಣಿಯಲ್ಲಿ ಓಡುತ್ತವಾ? ಡಿವಿಡಿಗೆ ದೇಶದ ಲೆಕ್ಕದಲ್ಲಿ ಬೀಗ ಇರುತ್ತದೆ. ಅಮೆರಿಕದ್ದು ರೀಜನ್ 1, ನಮ್ಮದು 5. ಡಬ್ಬಿಯ ಹಿಂದೆ ಭೂಮಿಯ ಸಣ್ಣ ಚಿತ್ರದೊಳಗೆ ಅಂಕಿ ಇರುತ್ತದೆ, ನೋಡಿ. ಎಷ್ಟೋ ಅಗ್ಗದ ಪ್ಲೇಯರ್‌ಗಳು ಬೀಗ ಲೆಕ್ಕಕ್ಕಿಟ್ಟುಕೊಳ್ಳದೆ ಓಡಿಸುತ್ತವೆ. ಹೆಸರುವಾಸಿ ಕಂಪನಿಯವು ಜಗಳ ತೆಗೆಯುತ್ತವೆ. ಕಂಪ್ಯೂಟರಿನಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ. ಐದನೆಯದಕ್ಕೆ ಯಾವುದು ಇತ್ತೋ ಅದೇ ಖಾಯಂ. ಬ್ಲೂ-ರೇಯ ಬೀಗ ಬೇರೆ, ಅಮೆರಿಕದ್ದು ಎ, ನಮ್ಮದು ಸಿ.

ಎರಡನೆಯದು ದನಿ. ಆರು ಸ್ಪೀಕರಿಗೆ ಮಾಡಿದ ದನಿಯನ್ನು ಟಿವಿಯ ಎರಡು ಸ್ಪೀಕರಿನಲ್ಲಿ ಕೇಳಿದರೆ ಮಾತು ಪಿಸುಪಿಸು, ಹೊಡೆದಾಟ ಮಾತ್ರ ಢಂ ಅನ್ನುತ್ತದೆ. ಸಣ್ಣ ಮಕ್ಕಳು ಹೆದರುವುದು ಎಷ್ಟೋ ಸಲ ಈ ಢಂಗೆ, ಕಥೆಗಲ್ಲ. ಮೆನುವಿನಲ್ಲಿ ಸ್ಟೀರಿಯೊ ಇದ್ದರೆ ಅದನ್ನು ಹಾಕಿ, ಆಮೇಲೆ ಸಿನಿಮಾಕ್ಕೆ ಹೆಸರಿಡಿ.

ಹಳೆಯ ಡಿಸ್ಕಿನಲ್ಲಿ 'ಫುಲ್‌ಸ್ಕ್ರೀನ್' ಅಂತಿದ್ದರೆ ಹಳೆಯ ಚೌಕ ಟಿವಿಗಾಗಿ ಚಿತ್ರದ ಎರಡೂ ಬದಿ ಕತ್ತರಿಸಿರುತ್ತಾರೆ. ಎ ಬಗ್ಸ್ ಲೈಫ್ ಮಾತ್ರ ಬೇರೆ. ಅದು ಕಂಪ್ಯೂಟರಿನಲ್ಲಿ ಮಾಡಿದ್ದಲ್ವಾ, ಪಿಕ್ಸರ್‌ನವರು ಚೌಕ ಟಿವಿಗಾಗಿ ಎಷ್ಟೋ ಕಡೆ ಪಾತ್ರಗಳನ್ನೇ ಹತ್ತಿರ ಸರಿಸಿ ಚಿತ್ರವನ್ನು ಹೊಸದಾಗಿ ಹೊಂದಿಸಿದರು. ಮದುವೆ ಫೋಟೊದಲ್ಲಿ ಬೀಗರನ್ನು "ಸ್ವಲ್ಪ ಒಳಗ ಬರ್ರಿ" ಅನ್ನುತ್ತೇವಲ್ಲ, ಹಾಗೆ.

ಧಾರವಾಡದಿಂದ, ಕಾಲೇಜು ವಿದ್ಯಾರ್ಥಿ

ತಪ್ಪು ತಿಳಿಯಬೇಡಿ, ನಿಮಿಷ ನಿಮಿಷಕ್ಕೆ ಎಚ್ಚರಿಕೆ ಬರೆದರೆ ಸಿನಿಮಾದಲ್ಲಿ ಏನು ಉಳಿಯಿತು? ನಾನು ಆರು ವರ್ಷಕ್ಕೆ ನೋಡಿ ಗಳಗಳ ಅತ್ತ ಸಿನಿಮಾಗಳೇ ಈಗಲೂ ನೆನಪಿವೆ.

ಹುಬ್ಬಳ್ಳಿ ವಿದ್ಯಾನಗರದಿಂದ ಮತ್ತೆ

ತಮ್ಮಾ, ನೀನು ಅತ್ತಾಗ ಪಕ್ಕದಲ್ಲಿ ಯಾರೋ ಕೂತಿದ್ದರಲ್ಲ? ನಾನು ರೊಟ್ಟಿ ಬಡಿಯುತ್ತಿದ್ದೆ. ಚೀಟಿಯನ್ನು ಮಡಚಿ ಇಡಲಿ ಬಿಡು. ಹೊರಗಡೆ ವಯಸ್ಸು, ಭಾಷೆ, ಹೊತ್ತು. ಒಳಗಡೆ ನಿಮಿಷದ ಲೆಕ್ಕ. ಬೇಡ ಅಂದವರು ಬಿಚ್ಚುವುದಿಲ್ಲ.

ಕೇಳಿದವರು, ಎರಡು ವಾರದ ಮೇಲೆ

ಎಲ್ಲರಿಗೂ ಶರಣು. 61ರಲ್ಲಿ 14 ಬ್ಲೂ-ರೇ, ಅದರ ಪ್ಲೇಯರ್ ನಮ್ಮ ಓಣಿಯಲ್ಲಿ ಯಾರ ಹತ್ತಿರವೂ ಇಲ್ಲ. ಅವು ಸದ್ಯ ಪೆಟ್ಟಿಗೆಯಲ್ಲೇ. ಡಿವಿಡಿ ನಮ್ಮ ಮನೆಯ ಪ್ಲೇಯರಿನಲ್ಲಿ ಓಡಲಿಲ್ಲ, ಎದುರುಮನೆಯವರ ಹಳೆಯದರಲ್ಲಿ ಓಡಿತು. ಹಾಗಾಗಿ ಡಿಸ್ಕಿನ ಜೊತೆ ಪ್ಲೇಯರನ್ನೂ ಕೊಡಬೇಕಾದೀತು. ಮಡಚಿದ ಮೊದಲ ಚೀಟಿ ಹೀಗಾಯಿತು.

ಹೊರಗೆ: ಎ ಬಗ್ಸ್ ಲೈಫ್, 1998. ಸುಮಾರು ಒಂದೂವರೆ ತಾಸು. ಆರು ವರ್ಷದ ಮೇಲೆ. ಇಂಗ್ಲಿಷ್, ಆದರೆ ಇರುವೆ ಕಾಳು ಕೂಡಿಸುವುದು, ಮಿಡತೆ ಬಂದು ಕಸಿಯುವುದು ದನಿ ಇಲ್ಲದೆಯೂ ತಿಳಿಯಿತು. ಸ್ಟೀರಿಯೊ ಹಾಕಿ.

ಒಳಗೆ: ಹಕ್ಕಿ ಬಂದಾಗ ಆರು ವರ್ಷದವನು ಸೋಫಾದ ಹಿಂದೆ ಹೋದ, ಹಕ್ಕಿ ಹೋದ ಮೇಲೆ ತಾನೇ ಬಂದ. ಕೊನೆಗೆ ಮಿಡತೆಗಳ ನಾಯಕ ಹಕ್ಕಿಮರಿಗಳ ಬಾಯಿಗೆ ಬೀಳುತ್ತಾನೆ. ಹತ್ತು ವರ್ಷದವಳು ಚಪ್ಪಾಳೆ ಹೊಡೆದಳು, ಸಣ್ಣವನು "ಪಾಪ" ಅಂದ. ಮರುದಿನ ಅಡುಗೆಮನೆಯ ಇರುವೆಗೆ ಸಕ್ಕರೆ ಹಾಕಿದ್ದು ಸಿಕ್ಕಿತು. ಎರಡನೇ ಸಲ ಹಚ್ಚು ಅಂದವರು: ನಮ್ಮ ಮಾವನವರು.